ಹಾಡಿನ ನಡುವೆ ಹೊಳಲ್ಕೆರೆ ಬಸ್ಸು

ಭಾನುವಾರ ಬೆಳಿಗ್ಗೆ ಐದೂವರೆಗೆ ನಲ್ಲಿಯಲ್ಲಿ ನೀರು ಬಂತು. ಎರಡು ಡ್ರಮ್ಮು, ಒಂದು ಹಂಡೆ, ಆರು ಕೊಡ ತುಂಬಿಸಿದೆ. ಹಾಲು ಕಾಯಿಸಿದೆ. ಮಹಡಿಯ ಮೇಲೆ ಹರವಿದ್ದ ಮೆಣಸಿನಕಾಯಿ ತಿರುವಿ ಹಾಕಿದೆ. ನಮ್ಮ ಮನೆಯವರ ಬಿಳಿ ಅಂಗಿಗೆ ಗುಂಡಿ ಹೊಲಿದೆ (ಬಿಳಿ ಗುಂಡಿ ಸಿಗಲಿಲ್ಲ, ಕಂದು ಬಣ್ಣದ್ದು ಹಾಕಿದ್ದೇನೆ, ಅವರಿನ್ನೂ ನೋಡಿಲ್ಲ). ಮಂಡಕ್ಕಿ ಒಗ್ಗರಣೆ ಮಾಡಿದೆ. ಗ್ಯಾಸ್ ಬುಕ್ ಮಾಡಿದೆ. ಹತ್ತು ಗಂಟೆಗೆ ಬಸ್ ಸ್ಟ್ಯಾಂಡಿಗೆ ಹೋಗಿ, ಹೊಳಲ್ಕೆರೆಯಿಂದ ಬಂದ ಮಲ್ಲೇಶಣ್ಣನವರನ್ನು ಆಟೋ ಹತ್ತಿಸಿಕೊಂಡೆ.

ಹತ್ತೂವರೆಗೆ ಅವರ ಜೊತೆ ರಾಕ್ ಬ್ಯಾಂಡಿನ ಅಭಿಮಾನಿಗಳ ಸಭೆಗೆ ಹೋದೆ.

ನಗಬೇಡಿ. ಮೆಣಸಿನಕಾಯಿ ಒಣಗಿಸುವ ಹೆಂಗಸಿಗೆ ಎಲೆಕ್ಟ್ರಿಕ್ ಗಿಟಾರಿನ ಉಸಾಬರಿ ಯಾಕೆ ಎಂದು ಕೇಳುವವರು ಅಲ್ಲೇ ಬೇಕಾದಷ್ಟು ಸಿಕ್ಕರು. ನೀವೂ ಶುರು ಮಾಡಬೇಡಿ.

ಬ್ಯಾಂಡಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅದಕ್ಕಿಂತ ಇನ್ನೊಂದು ಮೇಲು ಎಂದು ನಿಮ್ಮಲ್ಲಿ ಅರ್ಧ ಜನ ಜಗಳಕ್ಕೆ ಬರುತ್ತೀರಿ. ಇಂಗ್ಲೆಂಡಿನ ನಾಲ್ಕು ಜನ. ಉದ್ದ ಕೂದಲು, ಬಿಗಿ ಪ್ಯಾಂಟು. ನಾನು ಪಿಯುಸಿಗೆ ಬರುವ ಹೊತ್ತಿಗೆ ಅವರು ಕಿತ್ತಾಡಿ ಬೇರೆಯಾಗಿ ವರ್ಷಗಳೇ ಆಗಿದ್ದವು. ಚಿತ್ರದುರ್ಗಕ್ಕೆ ಆ ಸುದ್ದಿ ಬಂದಿರಲಿಲ್ಲ. ಬಂದಿದ್ದು ಹಾಡು ಮಾತ್ರ.

ಅದನ್ನು ತಂದವರು ಈ ಮಲ್ಲೇಶಣ್ಣ.

ಆಗ ಪ್ರೈವೇಟ್ ಬಸ್ ಸ್ಟ್ಯಾಂಡಿನ ಎದುರು ಅವರದೊಂದು ಕ್ಯಾಸೆಟ್ ರೆಕಾರ್ಡಿಂಗ್ ಅಂಗಡಿ ಇತ್ತು. ಖಾಲಿ ಕ್ಯಾಸೆಟ್ ಕೊಟ್ಟು, ಹಾಡಿನ ಪಟ್ಟಿ ಬರೆದುಕೊಟ್ಟರೆ ಮೂರು ದಿನದಲ್ಲಿ ತುಂಬಿಸಿ ಕೊಡುತ್ತಿದ್ದರು. ಹುಡುಗರು ಅಂಗಡಿಯ ಬೆಂಚಿನ ಮೇಲೆ ಗಂಟೆಗಟ್ಟಲೆ ಕೂತು ಕೇಳುತ್ತಿದ್ದರು. ಹುಡುಗಿಯರು ಕೂರುವುದುಂಟೇ? ನಾವು ಪಕ್ಕದ ಬಳೆ ಅಂಗಡಿಯಲ್ಲಿ ಬಳೆ ನೋಡುವವರ ಹಾಗೆ ನಿಲ್ಲುತ್ತಿದ್ದೆವು. ಮಲ್ಲೇಶಣ್ಣ ನಮ್ಮನ್ನು ನೋಡಿಯೂ ನೋಡದವರ ಹಾಗೆ, ಸ್ಪೀಕರ್ ಪೆಟ್ಟಿಗೆಯನ್ನು ಮೆಲ್ಲಗೆ ಬಳೆ ಅಂಗಡಿಯ ಕಡೆ ತಿರುಗಿಸುತ್ತಿದ್ದರು. ಆ ವರ್ಷ ನನ್ನ ಕೈ ತುಂಬ ಬಳೆ. ಅಮ್ಮನಿಗೆ ಯಾಕೆಂದು ಕೊನೆಯವರೆಗೂ ಗೊತ್ತಾಗಲಿಲ್ಲ.

ಈ ಬ್ಯಾಂಡಿನ ಎಲ್‌ಪಿ, ಅಂದರೆ ಪ್ಲೇಯರಿಗೆ ಹಾಕುವ ದೊಡ್ಡ ಕಪ್ಪು ತಟ್ಟೆ, ಇಡೀ ಊರಿನಲ್ಲಿ ಇದ್ದದ್ದು ಒಬ್ಬರ ಹತ್ತಿರ, ತಾಮ್ರದ ಗಣಿಯ ಇಂಜಿನಿಯರೊಬ್ಬರ ಬಳಿ. ಅವರು ಕಾಡಿಸಿ ಕಾಡಿಸಿ ಕೊನೆಗೆ ಒಂದೇ ಒಂದು ಮಧ್ಯಾಹ್ನದ ಮಟ್ಟಿಗೆ ಎರವಲು ಕೊಟ್ಟರು. ಅದೇ ಮಧ್ಯಾಹ್ನ ಪ್ಲೇಯರಿನಿಂದ ಟೇಪಿಗೆ ಹೋಗುವ ವೈರು ಕೈಕೊಟ್ಟಿತು. ಮಲ್ಲೇಶಣ್ಣ ಏನು ಮಾಡಿದರು? ಅಂಗಡಿಯ ಶಟರ್ ಅರ್ಧ ಇಳಿಸಿದರು. ಸ್ಪೀಕರಿನ ಮುಂದೆ ಮೈಕು ಹಿಡಿದು ಕೂತರು. ಕೆಮ್ಮು ಬಂದರೆ ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡು, ಅಲುಗಾಡದೆ, ಎರಡೂ ಸೈಡು ಮುಗಿಯುವವರೆಗೆ.

ಎರಡನೇ ಸೈಡಿನ ಮೊದಲ ಹಾಡಿನ ಮಧ್ಯೆ ಗಿಟಾರು, ಡ್ರಮ್ಮು, ಎಲ್ಲ ಒಮ್ಮೆಗೇ ನಿಲ್ಲುತ್ತವೆ. ನಾಲ್ಕು ಉಸಿರಿನಷ್ಟು ಹೊತ್ತು ಬರೀ ಮೌನ. ಸರಿಯಾಗಿ ಆ ಮೌನದಲ್ಲಿ ಹೊರಗಿನಿಂದ ಬಸ್ಸಿನ ಏಜೆಂಟ್ ಕೂಗಿದ.

"ಹೊಳಲ್ಕೆರೆ, ಹೊಳಲ್ಕೆರೆ, ಹೊಸದುರ್ಗಾ... ಸೀಟೈತೆ ಬರ್ರೀ!"

ಮರುಕ್ಷಣ ಡ್ರಮ್ಮು ಧಡ್ ಎಂದು ಶುರು.

ಎಲ್‌ಪಿ ಸಂಜೆಗೆ ವಾಪಸು ಹೋಯಿತು. ಉಳಿದದ್ದು ಈ ಟೇಪು. ಮುಂದೆ ಹಿರಿಯೂರಿನವರಿಗೆ, ಹೊಸದುರ್ಗದವರಿಗೆ, ಹೊಳಲ್ಕೆರೆಯವರಿಗೆ, ನಮಗೆ, ಎಲ್ಲರಿಗೂ ಇದರಿಂದಲೇ ಕ್ಯಾಸೆಟ್ ತುಂಬಿದ್ದು. ಹಾಡು ಹೋದ ಮನೆಗೆಲ್ಲ ಏಜೆಂಟನ ಕೂಗೂ ಹೋಯಿತು. ಅದು ಇಂಗ್ಲೆಂಡಿನವರು ಕೂಗಿದ್ದಲ್ಲ ಎಂದು ನಮಗೆ ಗೊತ್ತಿತ್ತು, ಅಷ್ಟು ಪೆದ್ದರಲ್ಲ. ಆದರೆ ಎಷ್ಟೋ ವರ್ಷದ ಮೇಲೆ ಮೊಬೈಲಿನಲ್ಲಿ ಅಸಲಿ ಹಾಡು ಕೇಳಿದಾಗ, ಆ ಜಾಗದಲ್ಲಿ ಏನೂ ಬರದೆ, ಮೊಬೈಲ್ ಕೆಟ್ಟಿತೇನೋ ಎಂದು ಎರಡು ಸಲ ತಟ್ಟಿದ್ದೆ. ನಾನೊಬ್ಬಳೇ ಅಲ್ಲ. ಕೇಳಿ ನೋಡಿ.

ಇರಲಿ. ಈ ವರ್ಷ ನಮ್ಮ ಕಡೆಯ ಅಭಿಮಾನಿಗಳದೊಂದು ವಾಟ್ಸಾಪ್ ಗ್ರೂಪ್ ಆಗಿದೆ. ಅದರ ಅಡ್ಮಿನ್ ಪ್ರಭುಸ್ವಾಮಿ ಎಂಬುವವರು. ಹುಟ್ಟೂರು ಹೊಸದುರ್ಗ ತಾಲೂಕಿನ ಶ್ರೀರಾಂಪುರ, ರಿಟೈರಾದ ಮೇಲೆ ಚಿತ್ರದುರ್ಗದಲ್ಲೇ ಮನೆ. "ಎಲ್ಲರೂ ಒಂದು ಕಡೆ ಸೇರೋಣ, ನೆನಪು ಹಂಚಿಕೊಳ್ಳೋಣ, ಅಭಿಪ್ರಾಯ ಹೇಳೋಣ" ಎಂದು ಅವರೇ ಬರೆದಿದ್ದರು. ಓದಿದ ಕೂಡಲೇ ನನಗೆ ಮಲ್ಲೇಶಣ್ಣನ ನೆನಪಾಯಿತು. ಹೊಳಲ್ಕೆರೆಯಲ್ಲಿ ಮಗಳ ಮನೆಯಲ್ಲಿದ್ದಾರೆ, ಎಪ್ಪತ್ತಾರು ದಾಟಿದೆ. ಫೋನ್ ಮಾಡಿದೆ.

"ನಾನ್ಯಾಕಮ್ಮ ಅಲ್ಲಿಗೆ? ಇಂಗ್ಲೀಷು ಬರಲ್ಲ, ಎಂಥದ್ದೂ ಬರಲ್ಲ."

"ಬರ್ರಿ ಮಲ್ಲೇಶಣ್ಣ. ನೀವು ಇಲ್ದೆ ಏನು ನೆನಪು?"

ದನಿ ತಗ್ಗಿಸಿ ಹೇಳಿದರು. "ಆ ಟೇಪು ಇನ್ನೂ ಇಟ್ಕಂಡಿದೀನಿ. ಒಂದ್ಸಲ ನಾಲ್ಕು ಜನದ ಮುಂದೆ ಹಾಕಿ ಕೇಳ್ಬೇಕು ಅಂತ ಆಸೆ ಐತೆ ಕಣಮ್ಮ. ಅಂಗಡೀಲಿ ಕುಂತು ತುಂಬಿಸಿ ಕೊಟ್ಟಿದ್ದೇ ಬಂತು. ಮನೇಲಿ ಯಾರು ಹಾಕ್ಕಂಡು ಕೇಳಿದ್ರೋ, ಯಾರು ಮೂಲೆಗೆ ಎಸೆದ್ರೋ, ನಾನೇನು ಕಂಡಿದ್ನಾ?"

ಇಷ್ಟೇ ಅವರ ಆಸೆ. ಅಂಗಿಯ ಜೇಬಿನಲ್ಲಿ ಒಂದು ಕ್ಯಾಸೆಟ್ ಇಟ್ಟುಕೊಂಡು, ಇಸ್ತ್ರಿ ಮಾಡಿದ ಪಂಚೆಯುಟ್ಟು ಬಸ್ಸಿನಿಂದ ಇಳಿದರು.

ಹೋಟೆಲೊಂದರ ಮಹಡಿಯ ಹಾಲ್. ನಲವತ್ತು ಕುರ್ಚಿ ತುಂಬಿದ್ದವು. ಹೊಟ್ಟೆಯ ಮೇಲೆ ಬಿಗಿಯಾದ ಕಪ್ಪು ಟೀ ಶರ್ಟುಗಳು. ಮುಂದಿನ ಸಾಲಿನಲ್ಲಿ ಪ್ರಭುಸ್ವಾಮಿಯವರ ಹೆಂಡತಿ, ಇಬ್ಬರು ಮಕ್ಕಳು. ವೇದಿಕೆಯ ಎರಡೂ ಬದಿಗೆ ಆಳೆತ್ತರದ ಸ್ಪೀಕರುಗಳು, ಅವರ ಸ್ವಂತದ್ದಂತೆ. ಬಾಗಿಲಲ್ಲೇ ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ: "ನಿಮ್ ಯಜಮಾನ್ರು ಎಲ್ಲಿ ಮೇಡಂ? ಪಾರ್ಕಿಂಗಾ?"

ನಮ್ಮ ಯಜಮಾನರು ಮನೆಯಲ್ಲಿ ಪೇಪರ್ ಓದುತ್ತಿದ್ದರು. ಅವರಿಗೆ ಈ ಬ್ಯಾಂಡು ಎಂದರೆ ಮಿಕ್ಸಿಗೆ ಕಲ್ಲು ಬಿದ್ದ ಸದ್ದು.

ಮೊದಮೊದಲು ಚೆನ್ನಾಗಿಯೇ ನಡೆಯಿತು. ಹಿರಿಯೂರಿನ ಖಾದರ್ ಭಾಯ್ ಎದ್ದರು. ಅವರದು ಟೈರ್ ಅಂಗಡಿ. "ಪಂಚರ್ ಪ್ಯಾಚ್ ಹಾಕಿ ಒತ್ತಿಟ್ಟು ಎರಡನೇ ಸೈಡಿನ ಮೊದಲ್ನೇ ಹಾಡು ಹಾಕ್ತಿದ್ದೆ. ಹಾಡು ಮುಗೀತಾ, ಪ್ಯಾಚ್ ಕೂತಂಗೆ. ವಾಚು ಯಾತಕ್ಕೆ? ಇವತ್ತಿಗೂ ನನ್ ಪ್ಯಾಚ್ ಕಿತ್ತಿಲ್ಲ" ಎಂದರು. ಹಾಲಿಗೆ ಹಾಲೇ ನಕ್ಕಿತು. ಅದಕ್ಕಿಂತ ಒಳ್ಳೆಯ ಅಭಿಪ್ರಾಯ ಆ ಹಾಡಿನ ಬಗ್ಗೆ ಯಾರಾದರೂ ಹೇಳಿದ್ದಾರೆಯೇ?

ಪ್ರಭುಸ್ವಾಮಿ ನಗಲಿಲ್ಲ. "ಸ್ವಲ್ಪ ಮ್ಯೂಸಿಕ್ ಬಗ್ಗೆ ಮಾತಾಡಾಣ" ಎಂದರು.

ಮ್ಯೂಸಿಕ್ ಬಗ್ಗೆ ಎಂದರೆ? ಡ್ರಮ್ಮಿನವನು ಯಾವ ಕಂಪನಿಯ ಕೋಲು ಹಿಡಿಯುತ್ತಿದ್ದ. ಯಾವ ಸ್ಟುಡಿಯೋ. ಎಷ್ಟನೇ ಪ್ರಿಂಟಿಂಗಿನ ಎಲ್‌ಪಿ ಶ್ರೇಷ್ಠ. ಆಮೇಲೆ ಬ್ಯಾಂಡು ಒಡೆದದ್ದು ಯಾರಿಂದ ಎಂಬ ಚರ್ಚೆ. "ಗಿಟಾರಿನವನ ಹೆಂಡ್ತಿಯಿಂದ" ಎಂದು ಮುಂದಿನ ಸಾಲು ಒಮ್ಮತದಿಂದ ತೀರ್ಮಾನಿಸಿತು. ನಾಲ್ಕು ಗಂಡಸರು ಹಗಲೂ ರಾತ್ರಿ ಒಂದೇ ಕೋಣೆಯಲ್ಲಿದ್ದು ಹೊಡೆದಾಡಿದರೆ ಅದಕ್ಕೂ ಮನೆಯಲ್ಲಿದ್ದ ಹೆಂಗಸೇ ಕಾರಣವೇ? ನನ್ನ ಪಕ್ಕದಲ್ಲಿ ಮಲ್ಲೇಶಣ್ಣ ಜೇಬು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಆಮೇಲೆ ಬಂತು ಕ್ವಿಜ್. ಹಾಡಿನ ತುಣುಕು ಕೇಳಿಸುವುದು, ಪ್ರಶ್ನೆ ಕೇಳುವುದು, ಗೆದ್ದವರ ಎದೆಗೆ "ಅಪ್ಪಟ ಅಭಿಮಾನಿ" ಎಂಬ ಬ್ಯಾಡ್ಜು. (ನೆನಪು ಹಂಚಿಕೊಳ್ಳಲು ಕರೆದು ಪರೀಕ್ಷೆ ಬರೆಸುವುದು ಯಾವ ಸೀಮೆ ಮರ್ಯಾದೆ?) ಆರನೇ ಪ್ರಶ್ನೆ: "ಎರಡನೇ ಸೈಡಿನ ಮೊದಲ ಹಾಡಿನಲ್ಲಿ, ಎಲ್ಲ ವಾದ್ಯ ನಿಂತ ಮೇಲೆ ಏನು ಕೇಳುತ್ತದೆ?"

ಮಲ್ಲೇಶಣ್ಣ ಶಾಲೆಯ ಹುಡುಗನ ಹಾಗೆ ಕೈಯೆತ್ತಿದರು. ಗೊತ್ತಿರುವ ಪ್ರಶ್ನೆ ಅದೊಂದೇ. "ಬಸ್ ಏಜೆಂಟನ ಕೂಗು ಸಾರ್!"

ಹಿಂದಿನ ಸಾಲುಗಳಲ್ಲಿ ಯಾರೋ "ಹೌದೌದು" ಎಂದರು. ಪ್ರಭುಸ್ವಾಮಿ ಮೈಕಿನಲ್ಲೇ ನಕ್ಕರು. "ಏನೂ ಕೇಳಲ್ಲ ಅನ್ನೋದೇ ಉತ್ತರ. ಯಜಮಾನ್ರೇ, ಇದು ಲಂಡನ್ನಲ್ಲಿ ರೆಕಾರ್ಡ್ ಆಗಿದ್ದು. ಪ್ರೈವೇಟ್ ಬಸ್ ಸ್ಟ್ಯಾಂಡಲ್ಲಿ ಅಲ್ಲ."

ಮುಂದಿನ ಸಾಲು ಗೊಳ್ಳೆಂದಿತು. ಮಲ್ಲೇಶಣ್ಣ ಕೈ ಇಳಿಸಿದರು.

ನಾನು ಎದ್ದೆ. ಇವರು ಯಾರು, ಈ ಹಾಡು ನಮ್ಮ ಕಿವಿಗೆ ಹೇಗೆ ಬಂತು, ಎಲ್ಲ ಹೇಳಿದೆ. ಇವರ ಟೇಪನ್ನು ಒಂದು ಸಲ, ಒಂದೇ ಹಾಡು, ಹಾಕಿ ಎಂದು ಕೇಳಿದೆ.

"ಮೇಡಂ, ಅದು ಪೈರಸಿ. ಇನ್ನೊಂದು ಏನಂದ್ರೆ ಅಂಥ ಕಸ ಎಲ್ಲ ಈ ಸ್ಪೀಕರಿಗೆ ಹಾಕಂಗಿಲ್ಲ. ಒರಿಜಿನಲ್ ಹೆಂಗಿರುತ್ತೆ ಅಂತ ಈಗ ಕೇಳಿಸ್ತೀನಿ, ಕುಂತ್ಕಳ್ರಿ."

ಕಾನೂನಿನ ಪ್ರಕಾರ ಅದು ತಪ್ಪಿರಬಹುದು. ಒಪ್ಪಿದೆ. ಆದರೆ ಕಸ? ಮಲ್ಲೇಶಣ್ಣ ನನ್ನ ಸೆರಗು ಹಿಡಿದು ಜಗ್ಗಿದರು. "ಬಿಡಮ್ಮ, ದೊಡ್ಡ ಜನ. ಕುಂತ್ಕ."

ಪ್ರಭುಸ್ವಾಮಿ ಒರಿಜಿನಲ್ ಹಾಕಿದರು. ಸುಳ್ಳು ಹೇಳಬಾರದು, ಅದ್ಭುತವಾಗಿತ್ತು. ತಂತಿಯ ಮೇಲೆ ಬೆರಳು ಜಾರುವುದೂ ಕೇಳುತ್ತಿತ್ತು. ಹಾಡು ಏರಿತು, ಏರಿತು, ಗಿಟಾರು ನಿಂತಿತು, ಡ್ರಮ್ಮು ನಿಂತಿತು. ಲಂಡನ್ನಿನ ಅಪ್ಪಟ ಮೌನ.

"ಹೊಳಲ್ಕೆರೆ..." ಎಂದರು ಖಾದರ್ ಭಾಯ್. ಬೇಕೆಂದು ಅಂದದ್ದಲ್ಲವಂತೆ, ಬಾಯಿಗೆ ಬಂದೇಬಿಟ್ಟಿತಂತೆ.

ಮುಂದಿನದನ್ನು ಹಿಂದಿನ ಐದು ಸಾಲೂ ಒಟ್ಟಿಗೆ ಕೂಗಿದವು. "ಹೊಳಲ್ಕೆರೆ, ಹೊಸದುರ್ಗಾ... ಸೀಟೈತೆ ಬರ್ರೀ!"

ಯಾರೂ ತಾಳ ತಪ್ಪಲಿಲ್ಲ. ಸರಿಯಾಗಿ "ಬರ್ರೀ"ಗೆ ಡ್ರಮ್ಮು ಬಂದು ಸೇರಿತು. ಮಲ್ಲೇಶಣ್ಣ ಕುರ್ಚಿಯಲ್ಲೇ ಪೂರ್ತಿ ಹಿಂದಕ್ಕೆ ತಿರುಗಿ ಒಬ್ಬೊಬ್ಬರ ಮುಖವನ್ನೂ ನೋಡಿದರು. ಎಣಿಸುವವರ ಹಾಗೆ. "ಲೇ, ಇಷ್ಟು ಜನಾನಾ?" ಎಂದರು, ಯಾರಿಗೂ ಅಲ್ಲ.

ಪಟ್ಟನೆ ಹಾಡು ನಿಂತಿತು. ಪ್ರಭುಸ್ವಾಮಿ ಸ್ವಿಚ್ ಆರಿಸಿದ್ದರು. ಮುಖ ಕೆಂಪಗಾಗಿತ್ತು. "ಇದು ಸಂತೆ ಅಲ್ಲ. ಡಿಸಿಪ್ಲಿನ್ ಇಲ್ದೋರು ಎದ್ದು ಹೋಗಬಹುದು."

ನಾವು ಎದ್ದು ಹೋದೆವು. ಖಾದರ್ ಭಾಯ್, ಮಲ್ಲೇಶಣ್ಣ, ನಾನು, ಹಿಂದಿನ ಸಾಲಿನ ಇನ್ನೂ ಹತ್ತು ಹನ್ನೆರಡು ಜನ. ಕೆಳಗೆ ನಿಂತು ಕಾಫಿ ಕುಡಿದೆವು. ಮಲ್ಲೇಶಣ್ಣನ ಕೈಯಿಂದ ಕ್ಯಾಸೆಟ್ ಇಸಿದುಕೊಂಡು ಎಲ್ಲರೂ ಒಮ್ಮೆ ತಿರುಗಿಸಿ ನೋಡಿದರು. ಒಬ್ಬರ ಹತ್ತಿರವೂ ಅದನ್ನು ಹಾಕಿ ಕೇಳುವ ಮಿಷನ್ನು ಇರಲಿಲ್ಲ. ಆದರೂ ಒಬ್ಬರೂ ಬೇಗ ವಾಪಸು ಕೊಡಲಿಲ್ಲ.

ಸಂಜೆ ಐದಕ್ಕೆ ಗ್ರೂಪಿನಿಂದ ನನ್ನನ್ನು ತೆಗೆದರು. ಖಾದರ್ ಭಾಯಿಯನ್ನೂ ತೆಗೆದರು. ಮಲ್ಲೇಶಣ್ಣನ ನಂಬರು ಬೆಳಿಗ್ಗೆ ತಾನೇ ಸೇರಿತ್ತು, ಅದನ್ನೂ ತೆಗೆದರು. ಮಲ್ಲೇಶಣ್ಣನಿಗೆ ಅದು ತಿಳಿಯಲಿಲ್ಲ, ಅವರದು ಕೀಪ್ಯಾಡ್ ಫೋನು, ನಾನು ಸೇರಿಸಿದ್ದು ಅವರ ಮಗಳ ನಂಬರು.

ನನಗೆ ಸಿಟ್ಟು ಬಂದಿರುವುದು ನನ್ನನ್ನು ತೆಗೆದದ್ದಕ್ಕಲ್ಲ. ಈಚೆಗೆ ಎಲ್ಲ ಕಡೆ ಇದೇ ಆಗಿದೆಯಲ್ಲ, ಅದಕ್ಕೆ. ನಮ್ಮ ಅತ್ತೆ ಹಾಡುವ ಸೋಬಾನೆಯನ್ನು, "ಅದರ ಮೂಲ ಪಾಠ ಹಾಗಿಲ್ಲ" ಎಂದು ಒಬ್ಬರು ಮದುವೆ ಮನೆಯಲ್ಲಿ ತಿದ್ದಲು ಬಂದಿದ್ದರು. ಐವತ್ತು ವರ್ಷದಿಂದ ಮಾಡಿದ ಹೋಳಿಗೆಗೆ ಮೊಬೈಲ್ ನೋಡಿ "ಒರಿಜಿನಲ್ ರೆಸಿಪಿ ಬೇರೆ" ಎನ್ನುತ್ತಾರೆ. ಒರಿಜಿನಲ್ ಇರಲಿ, ಬೇಡ ಎಂದವರು ಯಾರು? ಆದರೆ ಅದು ಸಿಗದ ಕಾಲದಲ್ಲಿ ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡು ಕೂತು ಅದನ್ನು ನಮಗೆ ಮುಟ್ಟಿಸಿದವರಿಗೆ ಒಂದು ಕುರ್ಚಿ, ಐದು ನಿಮಿಷ, ಇಷ್ಟೂ ಕೊಡಲಾಗದ ಅಭಿಮಾನ ಎಂಥ ಅಭಿಮಾನ?

ಮಂಡಿ ನೋವಿನಲ್ಲಿ ಸಂಜೆ ಬಸ್ಸು ಬೇಡ, ಬೆಳಿಗ್ಗೆ ಹೋಗಿ ಎಂದು ಮಲ್ಲೇಶಣ್ಣನನ್ನು ಮನೆಯಲ್ಲೇ ಉಳಿಸಿಕೊಂಡೆ. ಎಂಟಕ್ಕೆ ಊಟ. ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ, ಸುಟ್ಟ ಹಪ್ಪಳ. ಎರಡನೇ ಮುದ್ದೆ ಮುರಿಯುತ್ತ ಮಲ್ಲೇಶಣ್ಣ ಹೇಳಿದರು.

"ಆ ಪ್ರಭು ಐತಲ್ಲ, ಶ್ರೀರಾಂಪುರದ ಹುಡುಗ. ನಮ್ ಅಂಗಡಿಗೇ ಬರ್ತಿದ್ದ. ಆಗ ತಲೆ ತುಂಬ ಕೂದ್ಲು. ಅದೇ ಕ್ಯಾಸೆಟ್ಟು ಮೂರು ಸಲ ತುಂಬಿಸ್ಕಂಡು ಹೋದ, ಹಾಕಿ ಹಾಕಿ ಟೇಪು ಸವೆಸೋನು. ಆಮೇಲೆ ನನಗೊಂದು ಚೆನ್ನಾಗಿರೋ ಕಾಪಿ ಸಿಕ್ತು. ಇದನ್ನ ತಗಳಪ್ಪ, ಇದ್ರಲ್ಲಿ ಆ ಕೂಗು ಇಲ್ಲ ಅಂದೆ. ಬ್ಯಾಡ ಅಣ್ಣ, ಅದ್ನೇ ಕೊಡು, ಅದು ನಮ್ ಕಡೆ ಬಸ್ಸು ಅಂದ."

ನಮ್ಮ ಮನೆಯವರು ತುತ್ತು ಕೈಯಲ್ಲೇ ಹಿಡಿದು ಕೂತರು. ನಾನು ಸೌಟು ಇಟ್ಟೆ.

"ಮತ್ತೆ ಅಲ್ಲೇ ಹೇಳೋದಲ್ವಾ ಮಲ್ಲೇಶಣ್ಣ? ಅಷ್ಟು ಜನದ ಮುಂದೆ ನಗಾಡಿದ್ರಲ್ಲ!"

"ಹೆಂಗಮ್ಮ ಹೇಳದು? ಹೆಂಡ್ತಿ ಮಕ್ಕಳು ಮುಂದೆ ಕುಂತಿದ್ರು." ಸಾರು ಕೇಳಿದರು. "ನೀನೂ ಎಲ್ಲಿಯಾದ್ರೂ ಬರ್ದುಗಿರ್ದು ಇಟ್ಟೀಯ ಮತ್ತೆ."

ಅವರ ಮಾತಿಗೆ ಬೆಲೆ ಕೊಟ್ಟು ಎಲ್ಲರ ಹೆಸರನ್ನೂ ಬದಲಿಸಿದ್ದೇನೆ. ಊರುಗಳನ್ನು ಬದಲಿಸಿಲ್ಲ.

ಒಂಬತ್ತಕ್ಕೆ ಎಲ್ಲರಿಗಿಂತ ಮೊದಲು ಮಲಗಿದ್ದು ಮಲ್ಲೇಶಣ್ಣ, ದೀಪ ಆರಿಸುವ ಮುಂಚೆಯೇ ಗೊರಕೆ. ಆಮೇಲೆ ನಮ್ಮ ಮನೆಯವರು. ಪಾತ್ರೆ ತೊಳೆದಿಟ್ಟು ಕೊನೆಗೆ ನಾನು.

ಅಡ್ಮಿನ್ ಸಾಹೇಬರೇ, ನಿಮಗೆ ಅವತ್ತು ನಿದ್ದೆ ಬಂತೇ?