ನನ್ನ ಮೂಗು ಕೆಟ್ಟ ವರ್ಷ

ಅವಳು ಕಾಫಿ ಹೀರುವ ಸದ್ದು ಪಕ್ಕದ ಕೋಣೆಗೂ ಕೇಳಿಸುತ್ತಿತ್ತು. ಚಮಚ ತುಟಿಗೆ ತಾಗಿತೋ ಇಲ್ಲವೋ, ಸುರ್ ಎಂದು ಒಂದೇ ಎಳೆತ. ಆಮೇಲೆ ಕಣ್ಣು ಮುಚ್ಚಿ ಒಂದು ಕ್ಷಣ, ಡಬ್ಬಕ್ಕೆ ಉಗುಳು, ಮುಂದಿನ ಕಪ್. ಹಾಗೆ ಹೀರುವುದನ್ನು ಕಲಿಯಲು ನನಗೆ ಒಂದು ಪೂರ್ತಿ ಸೀಸನ್ ಬೇಕಾಗಿತ್ತು, ಅದೂ ಸೆರಗಿನ ಮೇಲೆಲ್ಲ ಚೆಲ್ಲಿಕೊಂಡು. ಅವಳಿಗೆ ಕೆಲಸಕ್ಕೆ ಸೇರಿದ ಹೊಸತರಲ್ಲೇ ಅದು ಬಂತು. ಕಲಿಸಿದವಳು ನಾನೇ ಆದ್ದರಿಂದ ಖುಷಿಪಡಬೇಕಾಗಿತ್ತು. ಹೊಟ್ಟೆ ಉರಿಯಿತು.

ನಾನಾಗ ಮೂಡಿಗೆರೆಯ ಹೊರಗಿದ್ದ, ಕಾಫಿಬೀಜ ಹದ ಮಾಡಿ ವಿಂಗಡಿಸುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ಟೇಸ್ಟರ್. ತೊಂಬತ್ತರ ದಶಕದ ಕೊನೆ. ಬೆಳೆಗಾರರು ತಮ್ಮ ಕಾಫಿಯನ್ನು ತಾವೇ ಮಾರಿಕೊಳ್ಳಬಹುದು ಎಂದಾದ ಮೇಲೆ, ಯಾವ ತೋಟದ ಕಾಫಿ ಹೇಗಿದೆ ಎಂದು ಕುಡಿದು ಹೇಳುವವರಿಗೆ ಇದ್ದಕ್ಕಿದ್ದಂತೆ ಮರ್ಯಾದೆ ಬಂದಿತ್ತು. ತೋಟಗಳಿಂದ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಬೀಜ, ಮೂಟೆಗಳಲ್ಲಿ ಬರುತ್ತಿತ್ತು. ಒಂದೊಂದು ತೋಟದ ಮಾಲಿನಿಂದಲೂ ಒಂದು ಹಿಡಿ ತೆಗೆದು, ಹುರಿದು, ಪುಡಿ ಮಾಡಿ, ಕಪ್‌ಗಳಿಗೆ ಹಾಕಿ ಬಿಸಿನೀರು ಹೊಯ್ಯುವುದು. ಮೇಲೆ ಕಟ್ಟಿದ ಪುಡಿಯ ಪದರವನ್ನು ಚಮಚದಿಂದ ಒಡೆದು ಮೂಸುವುದು, ಹೀರುವುದು, ಉಗುಳುವುದು. ಹಾಲಿಲ್ಲ, ಸಕ್ಕರೆಯಿಲ್ಲ. "ನಮ್ಮ ಸೊಸೆಗೆ ಕಾಫಿ ಉಗುಳಕ್ಕೆ ಸಂಬಳ ಕೊಡ್ತಾರೆ" ಎಂದು ಅತ್ತೆ ನೆಂಟರ ಮುಂದೆ ಹೇಳಿ ನಗುತ್ತಿದ್ದರು.

ಆ ಕೆಲಸಕ್ಕೆ ಅದರದೇ ಮಡಿಯಿತ್ತು. ಮಲ್ಲಿಗೆ ಮುಡಿಯುವಂತಿಲ್ಲ, ಪೌಡರ್ ಹಚ್ಚುವಂತಿಲ್ಲ, ಬೆಳಿಗ್ಗೆ ಈರುಳ್ಳಿ ಬೆಳ್ಳುಳ್ಳಿ ಮುಟ್ಟುವಂತಿಲ್ಲ. ಟೇಬಲ್ ಹತ್ತಿರ ಮಾತು ಕೂಡದು. ಕಪ್ ಕೆಟ್ಟಿದೆ ಅನಿಸಿದರೆ ಅದರ ಮುಂದೆ ಒಂದು ಹಸಿ ಕಾಫಿಬೀಜ ಇಟ್ಟು ಸುಮ್ಮನೆ ಮುಂದೆ ಹೋಗಬೇಕು. ಹಿರಿತನದ ಪ್ರಕಾರ ಒಬ್ಬರಾದ ಮೇಲೆ ಒಬ್ಬರು ಸುತ್ತು ಹಾಕುತ್ತಿದ್ದೆವು. ಕೊನೆಗೆ ಯಾವ ಕಪ್ ಮುಂದೆ ಬೀಜ ಬಿದ್ದಿದೆ ಎಂದು ನೋಡಿದರೆ ತೀರ್ಪು ತಾನಾಗಿ ತಿಳಿಯುತ್ತಿತ್ತು.

ಎಲ್ಲರಿಗಿಂತ ಮೇಲಿದ್ದವರು ನಮ್ಮ ಹೆಡ್ ಟೇಸ್ಟರ್. ಮಾತು ಕಡಿಮೆಯ ಹಿರಿಯರು. ಕಿಟಕಿಯ ಪಕ್ಕದಲ್ಲಿ ಅವರದೊಂದು ಬೆತ್ತದ ಕುರ್ಚಿಯಿತ್ತು. ಆ ಸೀಸನ್ ಮುಗಿದರೆ ಅವರಿಗೆ ನಿವೃತ್ತಿ, ಆಮೇಲೆ ಆ ಕುರ್ಚಿ ನನ್ನದು ಎಂದು ಎಲ್ಲರೂ ತಿಳಿದಿದ್ದರು. ನಾನಂತೂ ಮನಸ್ಸಿನಲ್ಲೇ ಅದಕ್ಕೊಂದು ದಿಂಬು ಹೊಲಿದಿಟ್ಟುಕೊಂಡಿದ್ದೆ. ಅಷ್ಟರಲ್ಲಿ ಬಂದಳು ಇವಳು. ಬಾಳೂರು ಕಡೆಯ ತೋಟದ ಮನೆಯ ಹುಡುಗಿ. ಬಿ.ಎಸ್ಸಿ. ಮುಗಿಸಿ, ಬಂದ ಗಂಡುಗಳನ್ನೆಲ್ಲ ಬೇಡವೆಂದು ಹೇಳಿ, ಮೂಡಿಗೆರೆಯ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಕೆಲಸಕ್ಕೆ ಬರುತ್ತಿದ್ದಳು.

ಅವಳ ನಾಲಿಗೆಯ ಬಗ್ಗೆ ನನಗೆ ಎಷ್ಟು ಹೊಟ್ಟೆಕಿಚ್ಚಿತ್ತೋ, ಅದಕ್ಕಿಂತ ಹೆಚ್ಚು ಅವಳ ಸಂಜೆಗಳ ಬಗ್ಗೆ ಇತ್ತು. ಐದಾಗುತ್ತಿದ್ದಂತೆ ನನ್ನ ಕಣ್ಣು ಗಡಿಯಾರದ ಮೇಲೆ. ಬಸ್ಸು ತಪ್ಪಿದರೆ ಮಗಳ ಹೋಂವರ್ಕ್, ಅತ್ತೆಯ ಮಾತ್ರೆ, ರಾತ್ರಿಯ ಅಡುಗೆ ಎಲ್ಲ ಒಂದರ ಮೇಲೊಂದು ಬೀಳುತ್ತಿದ್ದವು. ಇವಳು ಏಪ್ರನ್ ಕೂಡ ಬಿಚ್ಚದೆ, "ನೀವು ಹೋಗಿ ಅಕ್ಕ, ಉಳಿದಿದ್ದು ನಾನು ನೋಡ್ಕೋತೀನಿ" ಎನ್ನುತ್ತಿದ್ದಳು. ಎಷ್ಟು ಒಳ್ಳೆಯ ಹುಡುಗಿ ಎಂದು ಎಲ್ಲರೂ ಹೊಗಳುತ್ತಿದ್ದರು. ನನಗೆ ಅವಳ ಕೈಯಿಂದ ಚಮಚ ಕಸಿದುಕೊಳ್ಳಬೇಕು ಅನಿಸುತ್ತಿತ್ತು.

ಆ ವರ್ಷ ಫೆಬ್ರವರಿಯ ಕೊನೆಗೆ ಒಂದು ದಿನ ಹೆಡ್ ಟೇಸ್ಟರ್ ಚಿಕ್ಕಮಗಳೂರಿಗೆ ಹೋಗಿದ್ದರು, ಅವಳು ರಜೆಯಲ್ಲಿದ್ದಳು. ಟೇಬಲ್ ನನ್ನದೇ. ಯಾರೂ ನೋಡದಾಗ ಬೆತ್ತದ ಕುರ್ಚಿಯಲ್ಲೂ ಕೂತೆ. ಕಳಸದ ದಾರಿಯ ಒಂದು ಒಳ್ಳೆಯ ತೋಟದ ಕಾಫಿ ಮುಂದಿತ್ತು. ಮೊದಲ ಕಪ್ಪಿನ ಪದರ ಒಡೆದೆ ನೋಡಿ, ಕೊಳೆತ ನಾತ ಮೂಗಿಗೆ ಬಡಿಯಿತು. ಎರಡನೆಯದರಲ್ಲೂ ಅದೇ, ಮೂರನೆಯದರಲ್ಲೂ ಅದೇ. ನಮ್ಮ ಭಾಷೆಯಲ್ಲಿ ಅದಕ್ಕೆ ಸ್ಟಿಂಕರ್ ಎನ್ನುತ್ತಾರೆ. ತೋಟದಲ್ಲಿ ಬೀಜ ತೊಳೆಯುವ ತೊಟ್ಟಿಯಲ್ಲಿ ಉಳಿದು ಕೊಳೆತ ಬೀಜಗಳು ಸೇರಿಕೊಂಡರೆ ಹೀಗಾಗುತ್ತದೆ. ನನಗೆ ಬೇಸರವೇನೂ ಆಗಲಿಲ್ಲ, ಒಳಗೊಳಗೇ ಹಿಗ್ಗಿದೆ. ದೊಡ್ಡ ತೋಟದ ತಪ್ಪು ಹಿಡಿಯುವ ಮೂಗು ಯಾರದು ಎಂದು ಈಗ ಗೊತ್ತಾಗಲಿ ಎಂದುಕೊಂಡು ಇಡೀ ಮಾಲನ್ನು ತಳ್ಳಿಹಾಕಿ ಸಹಿ ಮಾಡಿದೆ.

ಸಂಜೆ ಮನೆಗೆ ಬಂದರೆ ಅತ್ತೆ ಹಾಲು ಕಾಯಿಸುತ್ತಿದ್ದರು. ಹಾಲಿನಲ್ಲೂ ಅದೇ ನಾತ. ಎರಡನೇ ಕ್ಲಾಸಿನ ಮಗಳು ಓಡಿಬಂದು ತಬ್ಬಿಕೊಂಡಳು, ಅವಳ ಎಣ್ಣೆಗೂದಲಲ್ಲೂ ಅದೇ. ಸ್ಟಿಂಕರ್ ನನ್ನ ಜೊತೆಗೇ ಬಸ್ಸು ಹತ್ತಿ ಮನೆಗೆ ಬಂದಿತ್ತು. ಬಚ್ಚಲಿಗೆ ಓಡಿ, ಮುಖ ತೊಳೆದು ಹೊರಗೆ ಬಂದಾಗ ಅತ್ತೆ ಒಲೆ ಆರಿಸಿ ನಿಂತಿದ್ದರು.

"ಎಂಥಾಯ್ತೇ ನಿಂಗೆ?"

"ಪಿತ್ತ ಇರ್ಬೇಕು."

"ಇವ್ಳು ಹೊಟ್ಟೇಲಿದ್ದಾಗ್ಲೂ ನೀನು ಹಾಲು ಕಂಡ್ರೆ ಹಿಂಗೇ ಓಡ್ತಿದ್ದೆ. ತಿಂಗ್ಳು ಸರಿಯಾಗಿ ಆಗಿದ್ಯಾ?"

ನಾನು ಬೆರಳು ಮಡಚಿ ದಿನ ಎಣಿಸಿದೆ. ಮಗಳು ಹುಟ್ಟುವಾಗ ನಾನಿನ್ನೂ ಈ ಕೆಲಸಕ್ಕೆ ಸೇರಿರಲಿಲ್ಲ. ಬಸಿರಿಗೂ ನಾಲಿಗೆಗೂ ಏನು ಸಂಬಂಧ ಎಂದು ಯೋಚಿಸುವ ಅಗತ್ಯವೇ ಆಗ ಬಿದ್ದಿರಲಿಲ್ಲ. ಮಗಳ ತೊಟ್ಟಿಲು, ಬಟ್ಟೆ ಎಲ್ಲವನ್ನೂ ಎಂದೋ ನೆಂಟರಿಗೆ ಕೊಟ್ಟು ಕೈ ತೊಳೆದುಕೊಂಡಿದ್ದೆವು. ಒಂದೇ ಸಾಕು ಎಂದು ತೀರ್ಮಾನಿಸಿ, ಜಾಗ್ರತೆಯಾಗೇ ಇದ್ದೇವೆ ಎಂದು ನಂಬಿದ್ದೆವು. ಮಾರನೇ ದಿನ ಡಾಕ್ಟರಮ್ಮ ಪರೀಕ್ಷೆ ಮಾಡಿ ಹೌದು ಎಂದರು. ನನ್ನ ಮುಖ ನೋಡಿ, "ಇಟ್ಕೋತೀರಲ್ಲ?" ಎಂದು ಮೆಲ್ಲಗೆ ಕೇಳಿದರು. ಬೇಡ ಎನ್ನುವ ಮಾತು ನಾಲಿಗೆಯವರೆಗೂ ಬಂತು. "ಮನೇಲಿ ಕೇಳಿ ಹೇಳ್ತೀನಿ" ಎಂದು ಎದ್ದು ಬಂದೆ.

ಯಜಮಾನರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಸುದ್ದಿ ಕೇಳಿ ಪೇಪರ್ ಕೆಳಗಿಟ್ಟರು.

"ಹೆಂಗಾಯ್ತು ಮಾರಾಯ್ತಿ ಇದು?"

"ನನ್ನೊಬ್ಳನ್ನೇ ಕೇಳ್ತಿದ್ದೀರಲ್ಲ!"

ಅವರು ನಕ್ಕರು. ನಿನಗೆ ಹೇಗೆ ಬೇಕೋ ಹಾಗೆ ಮಾಡು ಎಂದರು, ಆದರೆ ಆ ನಗು ಮುಖದಿಂದ ಇಳಿಯಲೇ ಇಲ್ಲ. ಊಟಕ್ಕೆ ಕೂತವರು ಸಾರು ಎರಡು ಸಲ ಹಾಕಿಸಿಕೊಂಡರು. ಅವರನ್ನು ನೋಡಿಯೂ ನನಗೆ ಮೈಯೆಲ್ಲ ಉರಿಯಿತು. ನಾಳೆ ಬೆಳಿಗ್ಗೆ ಅವರು ಸೀಮೆಸುಣ್ಣ ಹಿಡಿದು ನಿಂತರೆ ಲೆಕ್ಕ ನಿನ್ನೆಯಂತೆಯೇ ಬರುತ್ತದೆ. ತಂದೆಯಾಗುವುದಕ್ಕೆ ಅವರು ಕೆಲಸದಲ್ಲಿ ಏನನ್ನೂ ಕಳೆದುಕೊಳ್ಳಬೇಕಾಗಿಲ್ಲ. ನನ್ನ ಕೆಲಸವಿದ್ದದ್ದು ನನ್ನ ಮೂಗಿನಲ್ಲಿ, ಆ ಮೂಗನ್ನೇ ಈ ಬಸಿರು ಕೆಡಿಸಿತ್ತು.

ಯಾರಿಗೂ ಹೇಳಬಾರದು ಎಂದು ನಿರ್ಧರಿಸಿದೆ. ಹೇಳಿದರೆ, ಹೆರಿಗೆಗೆ ಹೋಗುವವಳಿಗೆ ಕುರ್ಚಿ ಯಾಕೆ ಎಂದು ಆ ಹುಡುಗಿಗೆ ಕೊಡುತ್ತಾರೆ. ಹೇಳದಿದ್ದರೆ, ಮೂಗು ಸರಿಹೋಗುವವರೆಗೆ ಹೇಗಾದರೂ ತಳ್ಳಬೇಕು. ಬಾಯಲ್ಲಿ ನಿಂಬೆಹುಳಿ ಇಟ್ಟುಕೊಂಡು, ಹೆಡ್ ಟೇಸ್ಟರ್ ಮುಖಭಾವ ನೋಡಿಕೊಂಡು ಅಂದಾಜಿನ ಮೇಲೆ ದಿನ ದೂಡಿದೆ. ಅವಳು ಮಾತ್ರ, ನಾನು ನಿಂಬೆಹುಳಿ ಬಾಯಿಗೆ ಹಾಕುವಾಗ, ಒಮ್ಮೊಮ್ಮೆ ನನ್ನನ್ನೇ ನೋಡುತ್ತಿದ್ದಳು. ನನ್ನ ಸೋಲಿಗೆ ಕಾಯುತ್ತಿದ್ದಾಳೆ ಎಂದೇ ನಾನು ತಿಳಿದೆ.

ಅಷ್ಟರಲ್ಲಿ ಕಳಸದ ದಾರಿಯ ಆ ತೋಟದ ಸಾಹುಕಾರರು ಜೀಪಿನಲ್ಲಿ ಬಂದರು. ಕೂಗಾಡುವವರಲ್ಲ, ಅದೇ ಕಷ್ಟ. "ನಮ್ಮ ತಂದೆ ಕಾಲದಿಂದ ನಮ್ಮ ಕಾಫೀನ ಯಾರೂ ನಾತ ಅಂದಿಲ್ಲ. ನನ್ನ ಮುಂದೆನೇ ಇನ್ನೊಂದ್ಸಲ ನೋಡಿ" ಎಂದು ಕೂತುಬಿಟ್ಟರು.

ಹೆಡ್ ಟೇಸ್ಟರ್ ತಾವು ಸುತ್ತು ಹಾಕಲಿಲ್ಲ. ಕಪ್‌ಗಳನ್ನು ತಾವೇ ಜೋಡಿಸಿ, ಯಾವುದು ಯಾವ ತೋಟದ್ದು ಎಂದು ಹೇಳದೆ, ನಮ್ಮಿಬ್ಬರನ್ನೂ ಕರೆದರು. ಹಿರಿಯಳು ನಾನು, ಮೊದಲು ನಾನೇ ಹೋಗಬೇಕು. ಮೊದಲ ಕಪ್ಪಿನ ಪದರ ಒಡೆದೆ. ನಾತ. ಎರಡನೆಯದೂ ಹಾಗೇ. ಇವತ್ತು ಮೂಗನ್ನು ನಂಬಬಾರದು ಎಂದು ಗೊತ್ತಿತ್ತು. ಆದರೆ ನಂಬದೆ ಇನ್ನೇನು ಮಾಡಲಿ? ಮುಷ್ಟಿಯಲ್ಲಿದ್ದ ಬೀಜಗಳನ್ನು ಒಂದೊಂದಾಗಿ ಎಲ್ಲ ಕಪ್‌ಗಳ ಮುಂದೆಯೂ ಇಡುತ್ತ ಹೋದೆ. ಅವಳು ನನ್ನ ಹಿಂದೆಯೇ ಬಂದಳು. ಆ ಸುರ್ ಎನ್ನುವ ಸದ್ದು, ಆ ಕಣ್ಣು ಮುಚ್ಚುವುದು. ಒಂದೂ ಬೀಜ ಇಡಲಿಲ್ಲ.

"ಇದರಲ್ಲಿ ಅರ್ಧ ಅವರ ತೋಟದ್ದೇ ಅಲ್ಲಮ್ಮ" ಎಂದರು ಹೆಡ್ ಟೇಸ್ಟರ್. "ನಾವು ಹೊಸಬರಿಗೆ ಒಳ್ಳೆ ಕಾಫಿ ಅಂದ್ರೆ ಹಿಂಗಿರ್ಬೇಕು ಅಂತ ತೋರಿಸೋಕೆ ಇಟ್ಕೊಂಡಿದೀವಲ್ಲ, ಅದು."

ಅದನ್ನು ತೋರಿಸಿ ಅವಳಿಗೆ ಕಲಿಸಿದವಳೂ ನಾನೇ. ಸಾಹುಕಾರರು ನನ್ನನ್ನು ನೋಡಿದರು. ಇವಳಿಗೆ ಇಲ್ಲಿ ಕೆಲಸ ಕೊಟ್ಟವರು ಯಾರು ಎನ್ನುವ ಹಾಗಿತ್ತು ಆ ನೋಟ. ಆಗ ಅವಳು ಬಾಯಿ ಬಿಟ್ಟಳು.

"ಸಾರ್, ಅಕ್ಕನ್ನ ತಪ್ಪು ತಿಳ್ಕೋಬೇಡಿ. ಅವ್ರೀಗ ಬಸುರಿ. ನಮ್ಮ ಅತ್ತಿಗೆಗೂ ಹಿಂಗೇ ಆಗಿತ್ತು, ಹಾಲಿನ ವಾಸ್ನೆಗೂ ಆಗ್ತಿರ್ಲಿಲ್ಲ."

ಸಾಹುಕಾರರ ಮುಖ ಸಡಿಲವಾಯಿತು. "ಅಯ್ಯೋ, ಮೊದ್ಲೇ ಹೇಳೋದಲ್ವೇನಮ್ಮ" ಎಂದು ನಕ್ಕರು, ಮರುದಿನ ತೋಟದ ಕಿತ್ತಳೆ ಒಂದು ಬುಟ್ಟಿ ಕಳಿಸಿದರು. ಹೆಡ್ ಟೇಸ್ಟರ್, ಬಾಯಿ ಬಿಟ್ಟರೆ ಗದರುವ ಹೆಡ್ ಟೇಸ್ಟರ್, "ನೀನು ಸ್ವಲ್ಪ ದಿನ ಸುಧಾರಿಸ್ಕೊಳ್ಳಮ್ಮ" ಎಂದರು. ಆ ಮೆತ್ತನೆಯ ದನಿ ಕೇಳಿದಾಗಲೇ ಕುರ್ಚಿ ಹೋಯಿತು ಎಂದು ನನಗೆ ತಿಳಿಯಿತು.

ಅವಳನ್ನು ಅಂಗಳದಲ್ಲಿ ಹಿಡಿದೆ. "ಯಾಕೆ ಹೇಳ್ದೆ?"

"ಮತ್ತೇನು ಹೇಳ್ಬೇಕಿತ್ತು ಅಕ್ಕ? ನಿಮಗೆ ರುಚೀನೇ ಗೊತ್ತಾಗಲ್ಲ ಅಂತ ಅವ್ರು ಊರೆಲ್ಲ ಹೇಳ್ಕೊಂಡು ಬಂದಿದ್ರೆ?"

ಅವಳ ಕಣ್ಣಲ್ಲಿ ನೀರಿತ್ತು. ಅದು ನಿಜವಾದ ನೀರೇ. ನನ್ನ ಮಾನ ಉಳಿಸಿದ್ದೂ ಅವಳೇ, ಆ ಒಂದೇ ಮಾತಿನಲ್ಲಿ ನನ್ನ ಜಾಗ ತೆಗೆದುಕೊಂಡವಳೂ ಅವಳೇ. ಬೇಕೆಂದೇ ಮಾಡಿದಳಾ ಎಂದು ಆ ಹೊತ್ತಿಗೆ ಕೇಳಲಾಗಲಿಲ್ಲ, ಈಗ ಕೇಳುವುದಕ್ಕೆ ಮುಖವಿಲ್ಲ. ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ನನ್ನನ್ನು ಬೀಜ ಆರಿಸುವ ಹೆಂಗಸರ ಶೆಡ್ಡಿಗೆ ಮೇಲ್ವಿಚಾರಣೆಗೆ ಹಾಕಿದರು. ಕೂತು ಮಾಡುವ ಕೆಲಸ, ಬಸುರಿಗೆ ಒಳ್ಳೆಯದು ಎಂದು ಎಲ್ಲರೂ ಹೇಳಿದರು. ಶೆಡ್ಡಿಗೂ ಟೇಸ್ಟಿಂಗ್ ಕೋಣೆಗೂ ನಡುವೆ ಒಂದು ಹಲಗೆಯ ಗೋಡೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಆ ಸುರ್ ಸುರ್ ಕೇಳಿಕೊಂಡು ಕೂರುತ್ತಿದ್ದೆ. ಒಂದೊಂದು ಎಳೆತಕ್ಕೂ ಈಗ ಯಾವ ಕಪ್, ಈಗ ಬೀಜ ಇಟ್ಟಳೋ ಇಲ್ಲವೋ ಎಂದು ಊಹಿಸುತ್ತಿದ್ದೆ. ಡಾಕ್ಟರಮ್ಮನಿಗೆ ಕೊಡಬೇಕಾದ ಉತ್ತರವನ್ನು ನಾನು ಕೊಡಲೇ ಇಲ್ಲ, ಹೊಟ್ಟೆ ತಾನಾಗಿ ಮುಂದೆ ಬಂತು. ಮಳೆ ಹಿಡಿಯುವ ಮುಂಚೆ ಹೆಡ್ ಟೇಸ್ಟರ್‌ಗೆ ಹಾರ ಹಾಕಿ ಕಳಿಸಿದರು. ಅವಳು ಬೆತ್ತದ ಕುರ್ಚಿಯಲ್ಲಿ ಕೂತ ದಿನ ನಾನು ಸೊಂಟನೋವೆಂದು ರಜೆ ಹಾಕಿದೆ.

ದಸರಾ ಕಳೆದ ಮೇಲೆ ಮಗ ಹುಟ್ಟಿದ. ಮನೆಯವರೆಲ್ಲ ಕುಣಿದರು. ಮಗಳಂತೂ ತಮ್ಮನ ಪಕ್ಕದಿಂದ ಏಳುತ್ತಲೇ ಇರಲಿಲ್ಲ. ನಾನು ಹೊತ್ತುಹೊತ್ತಿಗೆ ಹಾಲು ಕೊಟ್ಟೆ, ಬಟ್ಟೆ ಬದಲಿಸಿದೆ, ಬೆನ್ನು ತಟ್ಟಿದೆ, ಯಾವುದಕ್ಕೂ ಕೊರತೆ ಮಾಡಲಿಲ್ಲ. ಆದರೆ ಅವನ ಮುಖ ನೋಡಿದಾಗಲೆಲ್ಲ, ನೀನು ಇನ್ನೊಂದು ವರ್ಷ ತಡೆದು ಬರಬಾರದಿತ್ತೇ ಎಂದು ಮನಸ್ಸು ಕೇಳುತ್ತಿತ್ತು. ಬಾಣಂತಿ ಕೋಣೆಯ ತುಂಬ ಸಾಂಬ್ರಾಣಿ ಹೊಗೆ, ಓಮ, ಬೆಳ್ಳುಳ್ಳಿ. ನನ್ನ ಮೂಗು ಆಗಲೇ ಸರಿಹೋಗಿತ್ತು. ಅದರಿಂದ ಇನ್ನು ಯಾರಿಗೇನು ಎಂದು ನಾನು ಅದನ್ನು ಮರೆತೇಬಿಟ್ಟಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಅವಳು ಬಂದಳು. ಮಗುವಿಗೆ ಒಂದು ಉಲ್ಲನ್ ಟೋಪಿ, ನನಗೆ ಒಣದ್ರಾಕ್ಷಿ ತಂದಿದ್ದಳು. ವರ್ಕ್ಸ್‌ನ ಸುದ್ದಿ ಹೇಳಿದಳು, ನಾನು ಹೂಂ ಹೂಂ ಎಂದೆ. ಆಮೇಲೆ ಕೈ ತೊಳೆದುಕೊಂಡು ಬಂದು, "ಕೊಡಿ ಅಕ್ಕ" ಎಂದು ನಿದ್ದೆಯಲ್ಲಿದ್ದವನನ್ನು ಎತ್ತಿಕೊಂಡಳು. ಟೋಪಿ ಸರಿಸಿ, ಅವನ ನೆತ್ತಿಯ ಮೇಲೆ ಮೂಗಿಟ್ಟು, ಟೇಬಲ್ ಹತ್ತಿರ ಮುಚ್ಚುತ್ತಿದ್ದ ಹಾಗೇ ಕಣ್ಣು ಮುಚ್ಚಿದಳು. ತುಂಬ ಹೊತ್ತು ಹಾಗೇ ಇದ್ದಳು.

"ಅಕ್ಕಾ, ಬೆಲ್ಲದ ಪಾಕ ಹದಕ್ಕೆ ಬರೋ ಮುಂಚೆ ಒಂದು ವಾಸ್ನೆ ಬರುತ್ತಲ್ಲ, ಅದು. ಹಿಂದೆ ಸಣ್ಣಕ್ಕೆ ಹೊಸ ಅಕ್ಕಿ ತೊಳ್ದ ನೀರು. ನಿಮಗೂ ಹಂಗೇ ಅನ್ಸುತ್ತಾ?"

ನನಗೆ ಗೊತ್ತಿರಲಿಲ್ಲ. ಇಷ್ಟು ದಿನ ಮಡಿಲಲ್ಲಿ ಮಲಗಿಸಿಕೊಂಡಿದ್ದರೂ ಒಮ್ಮೆಯೂ ನಾನು ಅವನನ್ನು ಮೂಸಿ ನೋಡಿರಲಿಲ್ಲ. ನನ್ನ ಮಗನ ವಾಸನೆ ಹೇಗಿದೆಯೆಂದು ನನಗಿಂತ ಮೊದಲು ಅವಳಿಗೆ ತಿಳಿದಿತ್ತು. ಕುರ್ಚಿ ಹೋದಾಗಲೂ ಹೊತ್ತಿಕೊಳ್ಳದಷ್ಟು ಕಿಚ್ಚು ಹೊಟ್ಟೆಯಲ್ಲಿ ಹೊತ್ತಿಕೊಂಡಿತು. ಹಾಸಿಗೆಯಿಂದ ಎದ್ದೇಬಿಟ್ಟೆ.

"ಕೊಡು ಇಲ್ಲಿ. ಅವನಿಗೆ ಹಾಲಿನ ಹೊತ್ತಾಯ್ತು."

"ಈಗಷ್ಟೇ ಕುಡಿದು ಮಲಗಿದ ಅಂದ್ರಲ್ಲ?"

"ಮತ್ತೆ ಹಸಿವಾಗಿದೆ" ಎಂದೆ. ಅವನು ಗಾಢ ನಿದ್ದೆಯಲ್ಲಿದ್ದ. ಅವನನ್ನು ಕಸಿದುಕೊಂಡ ಹಾಗೇ ತೆಗೆದುಕೊಂಡು, ಗೋಡೆಯ ಕಡೆ ತಿರುಗಿ ಕೂತು, ನೆತ್ತಿಗೆ ಮೂಗು ಒತ್ತಿದೆ. ಅವಳು ಎದ್ದು ಹೋಗುವವರೆಗೂ ತಲೆ ಎತ್ತಲಿಲ್ಲ.