ಇರುವೆ ದಾಟದ ಸುಣ್ಣ

ಆಗ ನನಗೆ ಮೂವತ್ತು. ನಲವತ್ತೆರಡು ವರ್ಷದ ಹಿಂದಿನ ಮಾತು. ಮೊನ್ನೆ ಸೋಮವಾರ ಸೊಸೆ ಹೊಸ್ತಿಲಿಗೆ ಇರುವೆ ಪುಡಿಯ ಗೆರೆ ಎಳೆದಳು. ಇರುವೆಗಳು ಗೆರೆಯ ತನಕ ಬಂದು ತಿರುಗಿ ಹೋದವು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಮ್ಮ ಓಣಿಯ ಹಿಂದಿನ ಹೊಂಡ ನೆನಪಾಯಿತು. ಇರುವೆಯಷ್ಟು ಬುದ್ಧಿ ನಮಗಿರಲಿಲ್ಲ ನೋಡಿರಿ.

ಕುಂದಗೋಳದ ರಸ್ತೆಗೆ ಮಣ್ಣು ಅಗೆದು ಬಿಟ್ಟ ಹೊಂಡ ಅದು. ಹೊಲ ಸಾವುಕಾರನದು. ಯಾವುದೋ ಕಾರ್ಖಾನೆಯ ಲಾರಿಗಳು ಬಂದು ಅದರಲ್ಲಿ ಇದೇ ಘಾಟಿನ ಬಿಳಿ ಪುಡಿ ಸುರಿದು ಹೋಗುತ್ತಿದ್ದವು. ಏನಿದು ಎಂದು ಕೇಳಿದರೆ ಸಾವುಕಾರ, "ಕಸಾ ಬೇ, ನಿನಗ್ಯಾಕ?" ಎಂದ. ಕಸವನ್ನು ಯಾರಾದರೂ ಅಷ್ಟು ದೂರದಿಂದ ಡೀಸೆಲ್ ಸುಟ್ಟು ತರುತ್ತಾರೆಯೇ ಎಂದು ಕೇಳಬೇಕಿತ್ತು. ಕೇಳಲಿಲ್ಲ, ಬುಟ್ಟಿ ತೆಗೆದುಕೊಂಡು ಹೋದೆ. ದಸರೆ ಹತ್ತಿರವಿತ್ತು, ಗೋಡೆಗೆ ಸುಣ್ಣ ಬೇಕಿತ್ತು. ಪುಕ್ಕಟೆ ಸಿಕ್ಕರೆ ನಮ್ಮ ಜನ ವಿಷವನ್ನೂ ಬಿಡುವುದಿಲ್ಲ.

ಸುಣ್ಣದ ಹರಳು ನೀರಿಗೆ ಬಿದ್ದರೆ ಕುದಿಯಬೇಕು. ಇದು ಕುದಿಯಲಿಲ್ಲ. ಎರಡನೆಯ ಇಯತ್ತೆ ಕಲಿತ ನನಗೂ ಅಷ್ಟು ಗೊತ್ತಿತ್ತು, ಗೊತ್ತಿದ್ದೂ ಕುಂಚ ಹಿಡಿದು ಬಳಿದೆ. ಗೋಡೆ ಹೊಳೆಯಿತು. ಬಾಜು ಮನೆಯ ಗಂಗವ್ವ ಬಂದು ನೋಡಿದಳು.

"ಎಲ್ಲಿಂದ ತಂದಿ ಯವ್ವಾ ಇದನ್ನ? ನಿಮ್ಮನಿಯಾಗ ಇರಿವಿ ಸೈತ ಇಲ್ಲಲ್ಲ."

ಹೊಂಡದ್ದು ಎನ್ನಲು ನಾಚಿಕೆ. ಹುಬ್ಬಳ್ಳಿಯಿಂದ ನನ್ನ ತಮ್ಮ ಕಳಿಸಿದ್ದು ಎಂದೆ. ತವರಿನ ದೊಡ್ಡಸ್ತಿಕೆ! ಅವಳಿಗೂ ಮೂರು ಬುಟ್ಟಿ ಕೊಟ್ಟೆ.

ಗಂಗವ್ವ ಎಂದರೆ ರೊಟ್ಟಿ. ಓಣಿಯಲ್ಲಿ ಯಾರ ಮದುವೆಯಿದ್ದರೂ ರೊಟ್ಟಿ ಬಡಿಯಲು ಮೊದಲ ಕರೆ ಅವಳಿಗೆ. ಅವಳ ರೊಟ್ಟಿ ಹಿಡಿದರೆ ಆಚೆಯ ದೀಪ ಕಾಣುತ್ತಿತ್ತು. ನನ್ನದು ಎಮ್ಮೆಗೆ ಹಾಕಿದರೂ ಎಮ್ಮೆ ಯೋಚಿಸುತ್ತಿತ್ತು. ಅರಿವೆ ಅದ್ದಿ ಬರಿಗೈಯಲ್ಲಿ ಸುಣ್ಣ ಬಳಿದ ಎಂಟು ದಿನಕ್ಕೆ ಅವಳ ಅಂಗೈ ಬೊಬ್ಬೆ ಎದ್ದು ಸುಲಿಯಿತು. ಮತ್ತೆಂದೂ ನೆಟ್ಟಗಾಗಲಿಲ್ಲ. ಹಿಂದಿನ ಜನ್ಮದ ಪಾಪ ಎಂದಿತು ಓಣಿ. ಅವಳೂ ನಂಬಿದಳು. ಆಮೇಲೆ ಯಾವ ಮದುವೆಗೂ ಅವಳನ್ನು ರೊಟ್ಟಿಗೆ ಕರೆಯಲಿಲ್ಲ.

ನಮ್ಮ ಕರು ಗೋಡೆ ನೆಕ್ಕಿ ಬಿತ್ತು. ದೃಷ್ಟಿ ಎಂದು ಮೆಣಸಿನಕಾಯಿ ಸುಟ್ಟೆವು, ಕರು ಸತ್ತಿತು. ಆಗ ಹೊಂಡಕ್ಕೆ ಹೋಗಿ ನೋಡಿದರೆ ನೀರು ಕುಡಿದ ನಾಯಿಗಳು ಅಲ್ಲಲ್ಲೇ ಮಲಗಿದ್ದವು, ಏಳದ ಹಾಗೆ. ಮನೆಗೆ ಬಂದು ನನ್ನ ಗೋಡೆಯನ್ನೆಲ್ಲ ಕೆರೆದು ಹಾಕಿದೆ. ಗಂಗವ್ವನಿಗೆ ಹೇಳಲಿಲ್ಲ. ಸಾವುಕಾರನನ್ನು ಬೈಯಲು ನನಗೆ ಬಾಯಿ ದೊಡ್ಡದು. ಇದಕ್ಕೆ ಮಾತ್ರ ನಲವತ್ತೆರಡು ವರ್ಷ ಹೊಲಿದುಕೊಂಡಿತ್ತು.

ಸಾವುಕಾರ ಹೊಂಡ ಮುಚ್ಚಿಸಿ ಸೈಟು ಮಾಡಿ ಮಾರಿದ. ಈಗ ಅಲ್ಲಿಯೇ ಕುಡಿಯುವ ನೀರಿನ ಬೋರು ಕೊರೆಯುತ್ತಾರಂತೆ. ಹಿಂದೆ ಇಲ್ಲಿ ಕಾರ್ಖಾನೆಯ ಕಸ ಹಾಕಿದ್ದರೇ ಎಂದು ಬರೆದುಕೊಳ್ಳಲು ಅದೇ ಸೋಮವಾರ ಮಧ್ಯಾಹ್ನ ಧಾರವಾಡದಿಂದ ಒಬ್ಬ ಹುಡುಗಿ ಅಧಿಕಾರಿ ಬಂದು ಊರವರನ್ನು ಶಾಲೆಗೆ ಕರೆಸಿದಳು. ಸಾವುಕಾರನ ಮಗ ಈಗ ಪಂಚಾಯ್ತಿ ಮೆಂಬರ. ಹಂತಾದ್ದೇನೂ ಆಗಿಲ್ಲ ಎಂದ. ಸೈಟು ಕೊಂಡವರೆಲ್ಲ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ನಾನು ಎದ್ದು, ಲಾರಿ ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ ಎಂದೆ. ಮುದುಕಿಗೆ ಅರಳು ಮರಳು ಎಂದು ಮೆಂಬರ ನಕ್ಕ.

"ಲಾರಿ ಬರೂಮುಂದ ನಿನಗ ಚಡ್ಡಿ ಸೈತ ಇರಲಿಲ್ಲಪಾ," ಎಂದೆ. "ನಿನಗೇನು ಗೊತ್ತು?"

ಹುಡುಗಿ ನಗಲಿಲ್ಲ. "ಬಾಯಿಮಾತು ಸಾಲೂದಿಲ್ಲರಿ ಅಜ್ಜಿ. ಆ ಪುಡಿ ಎಲ್ಲೆರೆ ಚೂರು ಉಳದೈತೇನ್ರಿ?"

ಉಳಿದಿತ್ತು. ಗಂಗವ್ವ ಆ ದಸರೆಗೇ, ಸುಣ್ಣ ಆರಿದ ಮೇಲೆ, ಕಾಳು ತುಂಬುವ ದೊಡ್ಡ ವಾಡೆಯನ್ನು ಗೋಡೆಗೆ ಹತ್ತಿಸಿ ಇಟ್ಟಿದ್ದಳು. ಅದರ ಹಿಂದೆ ಮತ್ತೆ ಯಾರೂ ಸುಣ್ಣ ಮುಟ್ಟಿಸಿಲ್ಲ. ಗಂಗವ್ವ ನನ್ನ ಬಾಜುವಿಗೇ ಕುಳಿತಿದ್ದಳು, ಕೈ ಸೆರಗಿನಲ್ಲಿ ಮುಚ್ಚಿಕೊಂಡು. ನಾಳೆ ಹೇಳುತ್ತೇನೆ ಎಂದು ಕುಳಿತುಬಿಟ್ಟೆ.

ಮರುದಿನ ಮುಂಜಾನೆ ಅವಳ ಮನೆಗೆ ಹೋಗಿ, ತಮ್ಮ ಕಳಿಸಿದ ಸುಣ್ಣವಲ್ಲ ಅದು, ಹೊಂಡದ್ದು ಎಂದೆ. ಆಗಲೇ ನನ್ನ ಗೋಡೆ ಕೆರೆದು ಹಾಕಿದ್ದನ್ನೂ ಹೇಳಿದೆ. ಅವಳು ತನ್ನ ಅಂಗೈ ನೋಡಿಕೊಂಡಳು. ಎದ್ದು ಹೋಗಿ, ಎಷ್ಟೋ ವರ್ಷ ಮುಟ್ಟದೆ ಜಂಗು ಹಿಡಿದ, ರೊಟ್ಟಿ ತಿರುವುವ ಕಬ್ಬಿಣ ತಂದು ನನ್ನ ಮುಂದೆ ಒಗೆದಳು.

"ಇದರ್ಲೆ ಕೆರಿ. ಕೆರದ ಮ್ಯಾಲ ಈ ಮನಿಗೆ ಬರಬ್ಯಾಡ."

ಮೂಗಿಗೆ ಸೆರಗು ಕಟ್ಟಿಕೊಂಡು ವಾಡೆಯ ಹಿಂದಿನ ಗೋಡೆ ಕೆರೆದೆ. ಪುಡಿಯನ್ನು ಹಾಳೆಯಲ್ಲಿ ಕಟ್ಟಿಕೊಂಡು ಧಾರವಾಡದ ಬಸ್ಸು ಹತ್ತಿದೆ. ಕಚೇರಿಯಲ್ಲಿ ಆ ಹುಡುಗಿ ಒಂದು ಕಾಗದ ತುಂಬತೊಡಗಿದಳು; ಸುರಿಸಿದವರು ಎಂಬಲ್ಲಿ ಸಾವುಕಾರನ ಹೆಸರು ಹೇಳಿದೆ. ಮನೆಗಳಿಗೆ ಹೊತ್ತು ಕೊಟ್ಟವರು ಯಾರು ಎಂಬ ಸಾಲು ಆ ಕಾಗದದಲ್ಲಿ ಇರಲಿಲ್ಲ. ಅಂಚಿನಲ್ಲಿ ಜಾಗ ಮಾಡಿಸಿ ನನ್ನ ಹೆಸರು ನಾನೇ ಬರೆದೆ.