ಮೇಟಿ ನಿಂತ ಮೈದಾನ

ಹುಬ್ಬಳ್ಳಿಯ ಮೈದಾನದಲ್ಲಿ ನಾವು ಮೊದಲ ಸಲ ಫುಟ್‌ಬಾಲ್ ಆಡಿ ಸೋತ ಕಥೆಯನ್ನು ನಾನೇ ಮೊದಲು ಹೇಳಿಬಿಡುತ್ತೇನೆ. ಪೇಟೆಯವರು ಅದನ್ನು ಇವತ್ತಿಗೂ ಚಹಾದಂಗಡಿಯಲ್ಲಿ ಕೂತು ಉಪ್ಪು ಖಾರ ಹಚ್ಚಿ ಹೇಳುತ್ತಾರೆ. ಅವರ ಬಾಯಿಂದ ಕೇಳುವುದಕ್ಕಿಂತ ನನ್ನ ಬಾಯಿಂದ ಕೇಳುವುದು ವಾಸಿ.

ನವಲಗುಂದ ತಾಲೂಕಿನ ನಮ್ಮೂರಿನಿಂದ ಹನ್ನೊಂದು ಮಂದಿ ಒಂದು ಟೆಂಪೊದಲ್ಲಿ ಹೋಗಿದ್ದೆವು. ಲೀಗಿನ ನಿಯಮ ಎಂದು ಎಲ್ಲರೂ ಹೊಸ ಬೂಟು ಕೊಂಡಿದ್ದೆವು. ಟೆಂಪೊ ಇಳಿದು ಬೂಟು ಹಾಕಿಕೊಂಡೇ ಠೀವಿಯಿಂದ ನಡೆದೆವು. ಮೈದಾನದ ಬಿಳಿ ಗೆರೆ ಬಂತು. ಯಾರೂ ಯಾರಿಗೂ ಹೇಳಲಿಲ್ಲ, ಹನ್ನೊಂದು ಮಂದಿಯೂ ಬಗ್ಗಿ ಬೂಟು ಬಿಚ್ಚಿ ಗೆರೆಯ ಹೊರಗೆ ಸಾಲಾಗಿ ಇಟ್ಟೆವು. ನೆಲ ಮುಟ್ಟಿ ಹಣೆಗೆ ಹಚ್ಚಿಕೊಂಡು ಬರಿಗಾಲಲ್ಲಿ ಒಳಗೆ ಹೋಗಿ ನಿಂತೆವು. ರೆಫರಿ ಸೀಟಿಯನ್ನು ಬಾಯಿಂದ ತೆಗೆದು ನಮ್ಮ ಪಾದ ನೋಡಿದ.

"ಇದೇನ್ ಗುಡಿ ಅಂತ ತಿಳದೀರೇನ್ರಿ?" ಅಂದ. ಸುತ್ತ ನಿಂತವರು ಬಿದ್ದು ಬಿದ್ದು ನಕ್ಕರು.

ಬೂಟು ಹಾಕಿಕೊಂಡು ಬಂದ ಮೇಲೆ ಆದದ್ದು ಇನ್ನೂ ನಗೆಪಾಟಲು. ಆಟ ಶುರು ಮಾಡಲು ನಡುವೆ ನಿಂತದ್ದು ಬಿಟ್ಟರೆ ನಮ್ಮವರು ಯಾರೂ ಮೈದಾನದ ನಟ್ಟನಡುವೆ ಸುಳಿಯಲಿಲ್ಲ. ಅಲ್ಲಿ ಒಂದು ಕಂಬ ನಿಂತಿದೆಯೇನೋ ಎಂಬಂತೆ ಸುತ್ತು ಹಾಕಿ ಓಡಿದರು, ಚೆಂಡನ್ನೂ ಸುತ್ತು ಹಾಕಿಸಿಯೇ ಒದ್ದರು. ಎದುರಿನವರಿಗೆ ಇನ್ನೇನು ಬೇಕು? ಬಾಗಿಲು ತೆರೆದಿಟ್ಟ ಮನೆ ಸಿಕ್ಕಿತು. ಎಷ್ಟು ಗೋಲು ಹೊಡೆದರು ಎಂದು ನಾನು ಎಣಿಸಲಿಲ್ಲ. ನಮ್ಮ ಗೋಲ್‌ಕೀಪರ್ ಎಣಿಸಿದ್ದಾನೆ, ಆದರೆ ಕೇಳಿದರೆ ಹೇಳುವುದಿಲ್ಲ. ಅವತ್ತು ನಮಗೆ 'ಕಣದ ಟೀಮು' ಎಂದು ಹೆಸರಿಟ್ಟರು. ನಾನು ದಾರಿಯುದ್ದಕ್ಕೂ ಸಿಟ್ಟಿನಿಂದ ಹಲ್ಲು ಕಡಿಯುತ್ತ ಊರಿಗೆ ಬಂದೆ.

ಹೆಸರಿಟ್ಟವರದ್ದು ಸುಳ್ಳಲ್ಲ. ನಾವು ಆಟ ಕಲಿತದ್ದು ಕಣದಲ್ಲೇ. ನಮ್ಮದು ಎರೆನೆಲ. ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಅಗಲ ಬಿರಿಯುತ್ತದೆ, ಮಳೆ ಬಂದರೆ ಪಾದಕ್ಕೆ ಮೆತ್ತಿಕೊಂಡು ಒಂದೊಂದು ಕಾಲೂ ಒಂದೊಂದು ಹೆಡಿಗೆಯಷ್ಟು ಭಾರವಾಗುತ್ತದೆ. ಇಂಥ ನೆಲದಲ್ಲಿ ಚೆಂಡು ಉರುಳಬೇಕೆಂದರೆ ಇದ್ದದ್ದು ಊರ ಹೊರಗಿನ ಕಣ ಒಂದೇ. ಹಿಂದಿನವರು ತಲೆಮಾರುಗಟ್ಟಲೆ ನೀರು ಚಿಮುಕಿಸಿ, ಗುಂಡು ಉರುಳಿಸಿ, ಸಗಣಿ ಸಾರಿಸಿ ಗಟ್ಟಿ ಮಾಡಿದ ನೆಲ. ಹಲವು ಮನೆತನಗಳ ಕಣಗಳು ಒಂದಕ್ಕೊಂದು ಹತ್ತಿಕೊಂಡು ದೊಡ್ಡ ಬಯಲೇ ಆಗಿತ್ತು. ಒಂದೊಂದು ಕಣದ ನಡುವೆ ಒಂದೊಂದು ಮೇಟಿ. ಆ ಕಂಬಕ್ಕೆ ಎತ್ತುಗಳ ಸಾಲು, ಅಂದರೆ ಹಂತಿ, ಕಟ್ಟಿ ಪದ ಹಾಡುತ್ತ ಸುತ್ತು ತಿರುಗಿಸಿ ಜೋಳದ ತೆನೆ ತುಳಿಸುತ್ತಿದ್ದರು. ಆಮೇಲೆ ಕೊಯ್ಯುವ ಮಷೀನು ಬಂತು, ಹೊಲದಲ್ಲೇ ಕೊಯ್ದು ಹೊಲದಲ್ಲೇ ಚೀಲ ತುಂಬಿ ಕೊಟ್ಟಿತು. ಟ್ರ್ಯಾಕ್ಟರ್ ತಿರುಗಲು ಅಡ್ಡ ಎಂದು ಎಲ್ಲರೂ ತಮ್ಮ ಮೇಟಿ ಕಿತ್ತು ಒಲೆಗೆ ಹಾಕಿದರು. ಒಬ್ಬರದು ಮಾತ್ರ ಉಳಿಯಿತು, ಅದೂ ಬಯಲಿನ ನಟ್ಟನಡುವೆ.

ಅದು ಕಾಕಾನದು. ನನಗೆ ರಕ್ತಸಂಬಂಧವಲ್ಲ, ಊರಿಗೇ ಕಾಕಾ. ಹಣೆತುಂಬ ವಿಭೂತಿ, ಕಾಲಲ್ಲಿ ಕಿರ್ರೆನ್ನುವ ಚರ್ಮದ ಮೆಟ್ಟು. ಅವರು ಬರುವ ಮೊದಲು ಮೆಟ್ಟಿನ ಸಪ್ಪಳ ಬರುತ್ತಿತ್ತು, ನಾವು ಬೈಗುಳ ನುಂಗಿಕೊಂಡು ಸರಿಯಾಗಿ ನಿಲ್ಲುತ್ತಿದ್ದೆವು. ಕಣದ ಅಂಚಿಗೆ ಬಂದಾಗ ಆ ಸಪ್ಪಳ ನಿಲ್ಲುತ್ತಿತ್ತು. ಮೆಟ್ಟು ಅಲ್ಲಿ ಬಿಟ್ಟೇ ಅವರು ಒಳಗೆ ಬರುತ್ತಿದ್ದುದು. ಕಾಳು ಬೀಳುವ ಜಾಗದಲ್ಲಿ ಮೆಟ್ಟು ಹಾಕಿಕೊಂಡು ಓಡಾಡುವುದು ನಮ್ಮ ಕಡೆ ಇಲ್ಲ. ಮೇಟಿ ಇರುವತನಕ ಅದು ಕಣ, ಕಣ ಇರುವತನಕ ಬರಿಗಾಲು.

ಚೆಂಡು ತಂದವರು ನಮ್ಮ ಗೋಲ್‌ಕೀಪರನ ಅಬ್ಬಾಜಾನ್. ರೈಲ್ವೆಯಲ್ಲಿ ದುಡಿದು, ಅಲ್ಲಿಯ ತಂಡದಲ್ಲಿ ಆಡಿ, ನಿವೃತ್ತಿಯಾಗಿ ಊರಿಗೆ ಬಂದವರು ಹುಡುಗರನ್ನು ಗುಡ್ಡೆಹಾಕಿ ಕಲಿಸತೊಡಗಿದರು. ಅವರು ಜಾಗ ಕೇಳಲು ಹೋದಾಗ ಉಳಿದ ಕಣದವರು ಹೂಂ ಅಂದರು, ಕಾಕಾ ಹೇಳಿದ್ದು ಇಷ್ಟೇ: "ಆಡ್ರಿ, ಸುಮ್ನ ಬಿದ್ದೈತಿ. ಆದ್ರ ಮೆಟ್ಟು ಹೊರಗ. ಮೇಟಿಗೆ ಕೈ ಹಚ್ಚಿದ್ರ ಕಾಲ ಮುರದ ಕೈಯಾಗ ಕೊಡ್ತೇನಿ."

ಹೀಗೆ ನಾವು ಬರಿಗಾಲಲ್ಲಿ, ನಡುವೆ ಜಾಲಿ ಕಂಬವೊಂದನ್ನು ಇಟ್ಟುಕೊಂಡು ಬೆಳೆದೆವು. ಅದು ನಮ್ಮ ಹನ್ನೆರಡನೆಯ ಆಟಗಾರ. ಚೆಂಡು ಅದಕ್ಕೆ ಬಡಿದು ಯಾವ ಕಡೆ ಪುಟಿಯುತ್ತದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆವು. ಪೇಟೆಯ ಮೈದಾನದಲ್ಲಿ ಅದು ಇಲ್ಲ ಎಂದು ಕಣ್ಣಿಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ.

ಸೋತು ಬಂದ ಮರುದಿನ ಮೈದಾನದ ಮೇಲೆ ತಪ್ಪು ಹೊರಿಸುತ್ತ ಕೂತಿದ್ದೆವು. ಕಾಕಾ ಕೇಳಿಸಿಕೊಂಡು, "ಕುಣಿಲಾರದಾಕಿ ನೆಲ ಡೊಂಕು ಅಂದ್ಳಂತ" ಅಂದು ಹೋದರು. ನನಗೆ ಮೈಯೆಲ್ಲ ಉರಿಯಿತು. ಆದರೆ ಆ ಉರಿ ಒಳ್ಳೆಯದೇ ಮಾಡಿತು. ಬೂಟಿನ ರೂಢಿಯಾಗಬೇಕು, ನೇರ ಒದೆಯುವುದು ಕಲಿಯಬೇಕು. ಕಣದಲ್ಲಿ ಎರಡೂ ಸಾಧ್ಯವಿಲ್ಲ. ಊರ ಪಕ್ಕ ಕಾಲುವೆ, ಕಾಲುವೆಯ ದಂಡೆಗುಂಟ ಗರಸು ಹಾಕಿದ ಇಕ್ಕಟ್ಟು ರಸ್ತೆ. ಬೆಳಗ್ಗೆ ಅಲ್ಲಿ ಬೂಟು ಹಾಕಿಕೊಂಡು ಆಡಿದೆವು. ಚೆಂಡು ಒಂಚೂರು ಅಡ್ಡ ಹೋದರೂ ನೀರಿಗೆ. ಒದ್ದವನೇ ಜಿಗಿದು ತರಬೇಕು. ಚಳಿಗಾಲದ ನೀರು ಕಲಿಸಿದಷ್ಟು ಚೆನ್ನಾಗಿ ಯಾವ ಕೋಚೂ ಕಲಿಸಲಾರ. ಸಂಜೆ ಕಣದಲ್ಲಿ ಬರಿಗಾಲಲ್ಲಿ ಮೇಟಿ ಸುತ್ತಿ ಸುತ್ತಿ ಹೊರಳುವ ಆಟ. ನೇರವೂ ಬಂತು, ಹೊರಳುವುದೂ ಬಂತು.

ಆಮೇಲೆ ನಮ್ಮನ್ನು ಹಿಡಿಯುವವರು ಯಾರು? ಅಣ್ಣಿಗೇರಿ ಕಡೆಯವರನ್ನು ಸೋಲಿಸಿದೆವು, ಕುಂದಗೋಳದ ಕಡೆಯವರನ್ನು ಸೋಲಿಸಿದೆವು. ನಮ್ಮ ಆಟ ನೋಡಲು ಮಂದಿ ಟ್ರ್ಯಾಕ್ಟರ್ ಕಟ್ಟಿಕೊಂಡು ಬರತೊಡಗಿದರು. ಊರಿನ ಅಂಗಡಿಕಾರರು ಸೇರಿ, ಆಟವಾಡಿದ ದಿನ ಆಟಗಾರರ ಕೈಗೆ ಅಷ್ಟಿಷ್ಟು ಹಾಕುವುದಾಯಿತು. ಅದರಿಂದ ಮನೆ ನಡೆಯುತ್ತಿರಲಿಲ್ಲ. ಹಗಲು ನಾನು ನನ್ನ ಹಿಟ್ಟಿನ ಗಿರಣಿಯಲ್ಲಿ, ಗೋಲ್‌ಕೀಪರ್ ತನ್ನ ವೆಲ್ಡಿಂಗ್ ಅಂಗಡಿಯಲ್ಲಿ, ನಮ್ಮ ಮುಂಚೂಣಿ ಆಟಗಾರ ಬಸ್ಸಿನಲ್ಲಿ ಕಂಡಕ್ಟರನಾಗಿ ಟಿಕೆಟ್ ಹರಿಯುತ್ತ. ಆದರೂ ಆಡಿ ದುಡಿದದ್ದು ಎಂದು ಮನೆಯಲ್ಲಿ ಹೇಳುವಾಗ ಎದೆ ಸ್ವಲ್ಪ ಉಬ್ಬುತ್ತಿತ್ತು. ಯಾಕೆ ಉಬ್ಬಬಾರದು?

ಕೆಳಗಿನ ವಿಭಾಗ ಗೆದ್ದೆವು. ಮೇಲಿನ ವಿಭಾಗಕ್ಕೆ ಹೋಗಬೇಕಾದರೆ ಊರಲ್ಲಿ ಸ್ವಂತ ಮೈದಾನ ಬೇಕು ಎಂಬ ನಿಯಮವಿತ್ತು. ಲೀಗಿನಿಂದ ಒಬ್ಬರು ನೋಡಲು ಬಂದರು. ಕಣದ ನೆಲ ಒತ್ತಿ ನೋಡಿ ತಲೆದೂಗಿದರು. ಆಮೇಲೆ ಮೇಟಿಯ ಮುಂದೆ ನಿಂತು ಅದನ್ನು ಮೇಲಿಂದ ಕೆಳಗೆ ನೋಡಿದರು.

"ಇದನ್ನ ತಗೀಬೇಕಾಗ್ತದ್ರಿ. ಮತ್ತ ಇಲ್ಲೂ ಬೂಟ ಹಾಕ್ಕೊಂಡ ಆಡಬೇಕು. ಇಲ್ಲಾಂದ್ರ ಮ್ಯಾಲ ತಗೊಳ್ಳಾಕ ಬರೂದಿಲ್ಲ."

ಈ ಸುದ್ದಿಗೆ ರೆಕ್ಕೆ ಬಂತು. ವಾರದೊಳಗೆ ಪೇಟೆಯ ಕ್ಲಬ್ಬಿನ ಅಧ್ಯಕ್ಷರು ಕಾರಿನಲ್ಲಿ ನನ್ನ ಗಿರಣಿಗೆ ಬಂದರು. ನಮ್ಮನ್ನು ಮೊದಲ ದಿನ ಸೋಲಿಸಿ ಹೆಸರಿಟ್ಟದ್ದು ಇವರ ತಂಡವೇ, ನಮಗಿಂತ ಮೊದಲೇ ಮೇಲಿನ ವಿಭಾಗಕ್ಕೆ ಏರಿತ್ತು. ಮಂಚದ ಮೇಲಿನ ಹಿಟ್ಟು ಕರವಸ್ತ್ರದಿಂದ ಒರೆಸಿಕೊಂಡು ಕೂತು, ತಮ್ಮ ಮೈದಾನ ನಮಗೆ ಕೊಡುತ್ತೇವೆ ಎಂದರು. ನಾವು ಅವರ ಹೆಸರಿನಲ್ಲಿ ಆಡಬೇಕು, ಅಷ್ಟೇ.

"ಹಳ್ಳಿ ಹೆಸರಿನ್ಯಾಗ ಏನೈತ್ರಿ?" ಎಂದರು ಚಹಾ ಊದುತ್ತ.

"ಹೆಸರಿನ್ಯಾಗ ಏನೂ ಇಲ್ಲಂದ್ರ, ನೀವ ನಮ್ಮ ಊರ ಹೆಸರ ಇಟಗೊಂಡ ಆಡ್ರೆಲ್ಲ," ಎಂದೆ.

ಅವರು ಅರ್ಧ ಚಹಾ ಬಿಟ್ಟು ಎದ್ದು ಹೋದರು.

ಮಾತು ಆಡಿದ್ದಾಯಿತು, ಇನ್ನು ಮೈದಾನ? ಕಾಕಾ ಮೇಟಿ ತೆಗೆಯದಿದ್ದರೆ ನಮ್ಮ ತಂಡ ಕೆಳಗೇ ಕೊಳೆಯುತ್ತದೆ. ಆಡುವ ವಯಸ್ಸು ಯಾರಿಗೂ ಕಾಯುವುದಿಲ್ಲ. ನಾನು ಕಾಕಾನ ಕಟ್ಟೆಗೆ ಹೋದೆ. ಕೇಳುವ ಮೊದಲೇ ಅವರು, "ಆಗೂದಿಲ್ಲ" ಎಂದರು.

"ಯಾಕ ಕಾಕಾ?"

"ಮೇಟಿ ಕಿತ್ರ ಸುಗ್ಗಿ ಮುಗೀತು ಅಂತ ಅರ್ಥ. ನಂದಿನ್ನೂ ಮುಗಿದಿಲ್ಲ."

ನನಗೆ ತಡೆಯಲಾಗಲಿಲ್ಲ. "ಎತ್ತಿಲ್ಲ, ತೆನಿ ಇಲ್ಲ, ಹಂತಿ ಹಾಡವ್ರಿಲ್ಲ. ಬರೇ ಒಂದ ಕಂಬ ಇಟಗೊಂಡ ಏನ ಮಾಡ್ತೀರಿ?"

ಕಾಕಾ ಸಿಟ್ಟಾಗಲಿಲ್ಲ. ನನ್ನನ್ನೇ ದಿಟ್ಟಿಸಿ ನೋಡಿದರು. "ನೀ ಬರೇ ಒಂದ ಹೆಸರ ಇಟಗೊಂಡ ಏನ ಮಾಡ್ತಿ? ಪ್ಯಾಟಿ ಮಂದಿ ಹುಲ್ಲ ಬೆಳಿಸಿದ ಮೈದಾನ ಕೊಡ್ತೇನಂದ್ರಂತಲ್ಲ. ಹೋಗಿ ಆಡ್ರಿ."

"ಹೆಸರ ಬಿಟ್ರ ನಾವು ನಾವ ಅಲ್ಲ ಕಾಕಾ."

"ಹಂಗಾರ ತಿಳೀತಲ್ಲ," ಎಂದು ಅವರು ಅಡಕೊತ್ತು ಕೈಗೆ ತೆಗೆದುಕೊಂಡರು.

ದಾರಿಯಲ್ಲಿ ಬರುತ್ತ ನನಗೆ ನಗುವೂ ಬಂತು, ಅಳುವೂ ಬಂತು. ಮುದುಕ ನನ್ನ ಮಾತನ್ನೇ ನನಗೆ ಉಣಿಸಿ ಕಳಿಸಿದ್ದರು. ಊರೆಲ್ಲ ಮಷೀನಿಗೆ ಸಲಾಮು ಹೊಡೆದಾಗ ಒಬ್ಬರೇ ಎದುರು ನಿಂತು ನಗೆಗೀಡಾದವರು ಅವರು. ನಾವು ಪೇಟೆಯವರ ಮುಂದೆ ಮಾಡುತ್ತಿದ್ದುದು ಅದೇ ಅಲ್ಲವೇ? ಅಂದೇ ಸಂಜೆ ಕಣದಲ್ಲಿ ಎಲ್ಲರನ್ನೂ ಕೂಡಿಸಿ ಹೇಳಿದೆ: ಕಾಕಾನನ್ನು ಇನ್ನು ಯಾರೂ ಪೀಡಿಸಬಾರದು, ಪೇಟೆಯವರ ಹತ್ತಿರವೂ ಹೋಗಬಾರದು, ಕೆಳಗೇ ಇದ್ದು ಎಲ್ಲರನ್ನೂ ಸೋಲಿಸುತ್ತಿರೋಣ. ಕೆಲವರು ಗೊಣಗಿದರು. ಗೋಲ್‌ಕೀಪರ್ ಎದ್ದು ನಿಂತು, "ನಾ ಇಲ್ಲೇ ಬರಿಗಾಲಲ್ಲೇ ಮುದುಕ ಆಗ್ತೇನಿ, ನಡೀರಿ ಆಡೂಣು" ಎಂದ. ಮಾತು ಮುಗಿಯಿತು.

ಆ ಮಾತು ಕಾಕಾನಿಗೆ ಮುಟ್ಟಿಸಿದವರು ಯಾರೋ ಗೊತ್ತಿಲ್ಲ. ಮರುವಾರ ಬೆಳಗ್ಗೆ ಕಣಕ್ಕೆ ಬರಬೇಕೆಂದು ಹೇಳಿಕಳಿಸಿದರು. ಹೋಗಿ ನೋಡಿದರೆ ಮೇಟಿಗೆ ವಿಭೂತಿ ಹಚ್ಚಿ, ಬುಡದಲ್ಲಿ ಕಾಯಿ ಒಡೆದು, ಸುತ್ತಲೂ ಬಿಳಿಜೋಳದ ತೆನೆ ಹರವಿದ್ದರು. ಮಷೀನಿಗೆ ಕೊಡದೆ ಕುಡುಗೋಲಿನಿಂದ ತಾವೇ ಕೊಯ್ದಿಟ್ಟ ತೆನೆ.

"ಎತ್ತಿಲ್ಲ ಅಂದೆಲ್ಲಾ?" ಎಂದರು ನನಗೆ. "ನೀವ ಆಗ್ರಿ."

ಮೊದಲು ತಮಾಷೆ ಎಂದುಕೊಂಡೆವು. ಅವರು ಕೈಯಲ್ಲಿ ಬಾರುಕೋಲು ಹಿಡಿದದ್ದು ನೋಡಿ ತಮಾಷೆಯಲ್ಲ ಎಂದು ತಿಳಿಯಿತು. ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಹಂತಿಯಲ್ಲಿ ನಿಧಾನದ ಎತ್ತು ಮೇಟಿಯ ಮಗ್ಗುಲಲ್ಲಿ, ಚುರುಕಿನದು ಹೊರಗಿನ ತುದಿಯಲ್ಲಿ. ನನ್ನನ್ನು ಎರಡನೆಯ ಮಾತಿಲ್ಲದೆ ಮೇಟಿಯ ಮಗ್ಗುಲಿಗೆ ನೂಕಿದರು, ಕಂಡಕ್ಟರನನ್ನು ಹೊರತುದಿಗೆ. ನಾವು ಮೈದಾನದಲ್ಲಿ ನಿಲ್ಲುವುದೂ ಹೆಚ್ಚುಕಡಿಮೆ ಹಾಗೆಯೇ. ಭುಜಕ್ಕೆ ಭುಜ ಹಚ್ಚಿ ತಿರುಗಿದೆವು. ಎತ್ತಿನ ಗೊರಸಿಗೆ ಉದುರುವ ಕಾಳು ನಮ್ಮ ಪಾದಕ್ಕೆ ಅಷ್ಟು ಸಲೀಸಾಗಿ ಉದುರಲಿಲ್ಲ. ಅಂಗಾಲು ಕೆಂಪಾಯಿತು, ಜೋಳದ ಸುಂಕು ಹತ್ತಿ ಮೈ ತುರಿಸಿತು. ಕಾಕಾ ಒಡಕು ದನಿಯಲ್ಲಿ ಹಂತಿ ಪದ ಎತ್ತಿದರು. ನಮಗೆ ಪದ ಬರುತ್ತಿರಲಿಲ್ಲ, ಸೊಲ್ಲಿಗೆ ದನಿ ಮಾತ್ರ ಕೂಡಿಸಿದೆವು. ನಗುತ್ತ ಶುರು ಮಾಡಿದವರು ಯಾವಾಗ ನಗು ಬಿಟ್ಟೆವೋ ತಿಳಿಯಲಿಲ್ಲ.

ಕಾಳು ತೂರಿ, ರಾಶಿ ಮಾಡಿ, ರಾಶಿಗೆ ಕೈಮುಗಿದು, ಕಾಕಾ ಹಾರೆ ತೆಗೆದುಕೊಂಡು ಮೇಟಿಯ ಬುಡ ಸಡಿಲಿಸಿದರು. ನಾವು ಕೈಹಚ್ಚಲು ಹೋದರೆ ಬಿಡಲಿಲ್ಲ. ಅಲುಗಾಡಿಸಿ ಅಲುಗಾಡಿಸಿ ತಾವೇ ಕಿತ್ತರು. ಆಮೇಲೆ ಅಂಚಿಗೆ ಹೋಗಿ ಮೆಟ್ಟು ಹಾಕಿಕೊಂಡರು. ಹಾಕಿಕೊಂಡು ತಿರುಗಿ ಕಣದೊಳಕ್ಕೆ ಬಂದರು. ಕಿರ್, ಕಿರ್ ಎಂದು ಆ ಸಪ್ಪಳ ಮೇಟಿಯ ತಗ್ಗಿನವರೆಗೆ ಬಂತು. ಅಲ್ಲಿ ಆ ಸಪ್ಪಳವನ್ನು ನಾವು ಎಂದೂ ಕೇಳಿರಲಿಲ್ಲ. 

"ಇನ್ನ ಇದು ಕಣ ಅಲ್ಲ," ಎಂದರು. "ಬೂಟ ಹಾಕ್ಕೊಂಡ ಆಡ್ರಿ. ಆದ್ರ ಹೇಳಿರ್ತೇನಿ, ಇಲ್ಲೆ ಸೋತ್ರ ಮತ್ತ ನೆಡ್ತೇನಿ."

ಮೇಲಿನ ವಿಭಾಗದಲ್ಲಿ ನಮ್ಮೂರಿನ ಮೊದಲ ಆಟ ಬಿದ್ದದ್ದು ಆ ಪೇಟೆಯ ಕ್ಲಬ್ಬಿನ ಮೇಲೆಯೇ. ಹಳ್ಳಿಗೆ ಬಂದು ಆಡುವುದೇ ಎಂದು ಮೂಗು ಮುರಿದರು, ಆದರೆ ನಿಯಮ ಅವರಿಗೂ ನಿಯಮವೇ, ಬಂದರು. ನಾವು ಅಂಗಿಯ ಮೇಲೆ ಊರ ಹೆಸರಿನ ಕೆಳಗೆ 'ಕಣದ ಟೀಮು' ಎಂದೇ ಬರೆಸಿದ್ದೆವು. ಹೆಸರಿಟ್ಟವರೇ ಓದಿಕೊಳ್ಳಲಿ. ಸುಣ್ಣದ ಗೆರೆಯವರೆಗೆ ಬಂದ ನಾವು ಹನ್ನೊಂದು ಮಂದಿಯೂ ರೂಢಿಯಂತೆ ಬೂಟಿನ ದಾರಕ್ಕೆ ಕೈಹಾಕಿದೆವು.

"ಹಾಕ್ಕೊಳ್ರಿ ಲೇ ಬೂಟ!" ಎಂದು ಕಾಕಾ ಅಬ್ಬರಿಸಿದರು. ಈ ಸಲ ನಕ್ಕವರು ನಮ್ಮೂರವರು.

ಅವರು ಗೆರೆಯ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಕುರ್ಚಿಗೆ ಮೇಟಿ ಒರಗಿತ್ತು, ಕಾಲ ಬಳಿ ಹಾರೆ ಇತ್ತು. ಆಟದುದ್ದಕ್ಕೂ ನನ್ನ ಒಂದು ಕಣ್ಣು ಚೆಂಡಿನ ಮೇಲೆ, ಒಂದು ಕಣ್ಣು ಆ ಹಾರೆಯ ಮೇಲೆ. ಪೇಟೆಯವರು ಗಟ್ಟಿ ನೆಲದಲ್ಲಿ ಚೆಂಡು ಹೇಗೆ ಪುಟಿಯುತ್ತದೆ ಎಂದು ತಿಳಿಯದೆ ತಡವರಿಸಿದರು. ಕೊನೆಗೆ ಚೆಂಡು ನನ್ನ ಕಾಲಿಗೆ ಬಂತು, ಮೇಟಿ ನಿಂತಿದ್ದ ಜಾಗದಿಂದ ಸ್ವಲ್ಪ ಹಿಂದೆ. ಕಾಲುವೆಯ ರಸ್ತೆ ನೆನೆಸಿಕೊಂಡು ಆ ಜಾಗದ ಮೇಲೆಯೇ ನೇರ ಒದ್ದೆ. ಕಂಡಕ್ಟರ್ ಓಡಿ ಬಂದು ಅದನ್ನು ಬಲೆಯೊಳಗೆ ಇಳಿಸಿದ. ಅದೊಂದೇ ಗೋಲು, ಅಷ್ಟೇ ಸಾಕಾಯಿತು.

ಮಂದಿ ನಮ್ಮನ್ನು ಎತ್ತಿಕೊಂಡು ಕುಣಿದರು. ಅವರಿಂದ ಬಿಡಿಸಿಕೊಂಡು ಕಾಕಾನ ಹತ್ತಿರ ಹೋದೆ. ಅವರು ಎದ್ದು ಮೇಟಿಯನ್ನು ಹೆಗಲಿಗೆ ಹಾಕಿಕೊಳ್ಳುತ್ತಿದ್ದರು.

"ಗೆದ್ದಿವಿ ಕಾಕಾ. ಇನ್ನೇನು ಅದನ್ನ ಮನ್ಯಾಗ ಇಟ್ಟಬಿಡ್ರಿ."

"ಮುಂದಿನ ಆಟ ಯಾವಾಗ?" ಎಂದರು.

ಹೇಳಿದೆ. ಅವತ್ತೂ ತಂದರು. ಊರಲ್ಲಿ ನಮ್ಮ ಪ್ರತಿ ಆಟಕ್ಕೂ ಆ ಕಂಬವನ್ನೂ ಹಾರೆಯನ್ನೂ ತಂದು ಕುರ್ಚಿಗೆ ಒರಗಿಸಿಟ್ಟು ಕೂಡುತ್ತಾರೆ. ಇವತ್ತಿನತನಕ ಅದನ್ನು ನೆಡಲು ನಾವು ಬಿಟ್ಟಿಲ್ಲ.